ಮದುವೆ ಫೋಟೊಗೆ ಜೋಡಿ ಮೆಮೊರಿ ಕಾರ್ಡ್: ನನ್ನ ಅನುಭವ

ಮದುವೆ ಫೋಟೊ ತೆಗೆಯಲು ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳನ್ನು ಜೋಡಿಯಾಗಿ ಒಯ್ಯುತ್ತೇನೆ, ಕ್ಯಾಮೆರಾದ ಎರಡು ಸ್ಲಾಟಿನ ಕಾರ್ಡಿಗೂ ಒಂದೇ ಫೋಟೊ ಬರೆಸುತ್ತೇನೆ, ಎರಡನೇ ಸ್ಲಾಟಿನ ಕಾರ್ಡನ್ನು ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತ ಹೇಳಿದಾಗ ನಮ್ಮ ತಿಪಟೂರು, ಅರಸೀಕೆರೆ ಕಡೆಯ ಫೋಟೊಗ್ರಾಫರ್ ಗೆಳೆಯರು ಯಾರೂ ಒಪ್ಪಲಿಲ್ಲ. ‘ಸುಮ್ನೆ ದುಡ್ಡು ದಂಡ’ ಅಂದರು. ‘ಕಾರ್ಡ್ ಹೋದರೆ ರಿಕವರಿ ಸಾಫ್ಟ್‌ವೇರ್ ಇದೆಯಲ್ಲ, ಅದಕ್ಕೆ ಇಷ್ಟೆಲ್ಲ ಯಾಕೆ’ ಅಂದರು. ಕಳೆದ ಮಾಘದ ಸೀಸನ್‌ನಲ್ಲಿ ಆದದ್ದನ್ನು ಕಣ್ಣಾರೆ ನೋಡಿದ ಮೇಲೆ ಅವರಲ್ಲೇ ಇಬ್ಬರು ಮೂವರು ಬಂದು ಹೇಗೆ ಮಾಡ್ತೀರಿ ಅಂತ ಕೇಳಿದರು. ಒಬ್ಬೊಬ್ಬರಿಗೆ ಬಾಯಲ್ಲಿ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಆದದ್ದು ಇಷ್ಟು. ಹಿಂದಿನ ದಿನ ಸಂಜೆ ಆರತಕ್ಷತೆ, ಬೆಳಗ್ಗೆ ಮುಹೂರ್ತ. ಧಾರೆ, ಗಟ್ಟಿಮೇಳ, ಮಾಂಗಲ್ಯಧಾರಣೆ ಎಲ್ಲ ಒಂದೇ ಕಾರ್ಡಿನಲ್ಲಿ. ತೆಗೆಯುವಾಗ ಕ್ಯಾಮೆರಾ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಹಿಂದಿನ ಫೋಟೊ ತಿರುಗಿಸಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಊಟದ ಹೊತ್ತಿಗೆ ಮೊದಲ ಸ್ಲಾಟಿನ ಕಾರ್ಡನ್ನು ರೀಡರಿಗೆ ಹಾಕಿದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕಾ’ ಅಂತ ಕೇಳಿತು. ಬೇರೆ ರೀಡರ್, ಬೇರೆ ಲ್ಯಾಪ್‌ಟಾಪ್, ಮತ್ತೆ ಕ್ಯಾಮೆರಾ, ಎಲ್ಲೂ ಓದಲಿಲ್ಲ. ಹೆಸರಾದ ಕಂಪನಿಯದೇ ಕಾರ್ಡ್, ಬಿಲ್ ಸಮೇತ ಕೊಂಡಿದ್ದು, ಒಂದೂವರೆ ವರ್ಷ ಆಗಿರಬೇಕು. ಅವತ್ತು ನನ್ನ ಜೊತೆ ಕ್ಯಾಂಡಿಡ್‌ಗೆ (ಪೋಸ್ ಇಲ್ಲದ ಸಹಜ ಫೋಟೊಗೆ) ಬಂದಿದ್ದ ಹುಡುಗನ ಮುಖ ಬಿಳಿಚಿಕೊಂಡಿತು. ನಾನು ಎರಡನೇ ಸ್ಲಾಟಿನ ಕಾರ್ಡುಗಳನ್ನು ಇಡುವ ನೀಲಿ ಡಬ್ಬಿ ತೆಗೆದು ಅದೇ ನಂಬರಿನ ಜೋಡಿ ಕಾರ್ಡ್ ಹಾಕಿದೆ. ಏಳುನೂರಕ್ಕೂ ಜಾಸ್ತಿ ಫ್ರೇಮ್, ಒಂದೂ ಬಿಡದೆ ಬಂತು. ಮದುವೆ ಮನೆಯವರಿಗೆ ಇವತ್ತಿಗೂ ಈ ವಿಷಯ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೇ ಬೀಳಲಿಲ್ಲ ಅನ್ನುವುದೇ ನನಗೆ ಹೆಮ್ಮೆ.

ಇನ್ನು ಸಾಫ್ಟ್‌ವೇರ್ ಮಾತು. ಆ ಸತ್ತ ಕಾರ್ಡನ್ನು ಸ್ಟುಡಿಯೋಗೆ ತಂದು ಅದೇ ಗೆಳೆಯರ ಎದುರಿಗೇ ಫೋಟೊರೆಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ಹಾಕಿದೆ. ನಾನೂ ಹಲವು ಸಲ ಬಳಸಿದ್ದೇನೆ, ಪುಕ್ಕಟೆ ಸಿಗುತ್ತದೆ, ಒಳ್ಳೆಯದು. ಯಾರೋ ಡಿಲೀಟ್ ಮಾಡಿದ್ದು, ತಪ್ಪಿ ಫಾರ್ಮ್ಯಾಟ್ ಆಗಿದ್ದು, ಫೈಲ್ ಟೇಬಲ್ (ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ) ಕೆಟ್ಟಿದ್ದು, ಇವಕ್ಕೆಲ್ಲ ಅದು ಸಾಕು. ಹೆಸರು ಹೋಗಿರುತ್ತದೆ, ತೆಗೆದ ಸಮಯದ ಪ್ರಕಾರ ಮತ್ತೆ ಜೋಡಿಸಿಕೊಳ್ಳಬೇಕು, ಅಷ್ಟೇ. ಆದರೆ ಈ ಕಾರ್ಡಿನ ಸೈಜ್ ಕಂಪ್ಯೂಟರಿಗೆ ಸೊನ್ನೆ ಅಂತ ಕಾಣುತ್ತಿತ್ತು. ಕಾರ್ಡನ್ನು ನಡೆಸುವ ಒಳಗಿನ ಚಿಪ್, ಕಂಟ್ರೋಲರೇ ಹೋಗಿತ್ತು. ಕಾರ್ಡೇ ಮಾತಾಡದಿದ್ದರೆ ಸಾಫ್ಟ್‌ವೇರ್ ಯಾರ ಹತ್ತಿರ ಕೇಳಬೇಕು? ಬೆಂಗಳೂರಿನ ಒಂದು ರಿಕವರಿ ಲ್ಯಾಬಿಗೆ ಫೋನ್ ಮಾಡಿದೆ. ಚಿಪ್ ಮಟ್ಟದಲ್ಲಿ ತೆಗೆಯಬೇಕು, 20 ಸಾವಿರದ ಮೇಲಾಗುತ್ತದೆ, ಬರುತ್ತದೆ ಅಂತ ಗ್ಯಾರಂಟಿ ಇಲ್ಲ, ಎರಡು ಮೂರು ವಾರ ಬೇಕು ಅಂದರು. ನನ್ನ ಜೋಡಿ ಕಾರ್ಡಿಗೆ ಬಿದ್ದಿದ್ದು ಐನೂರರ ಆಸುಪಾಸು.

ಈ ಪದ್ಧತಿಗೆ ಬರುವ ಮೊದಲು ಬೇರೆ ದಾರಿಗಳನ್ನೆಲ್ಲ ಹಿಡಿದು ನೋಡಿದ್ದೇನೆ. ಮೊದಲು ಛತ್ರದಲ್ಲೇ ಲ್ಯಾಪ್‌ಟಾಪ್ ಇಟ್ಟು ಆಗಾಗ ಕಾಪಿ ಮಾಡುವುದು. ನಡೆಯಲಿಲ್ಲ. ನಮ್ಮ ಕಡೆ ಛತ್ರಗಳಲ್ಲಿ ಪ್ಲಗ್ ಪಾಯಿಂಟ್ ಸಿಗುವುದೇ ಕಷ್ಟ. ಸಿಕ್ಕರೆ ಸೀರಿಯಲ್ ಲೈಟಿನವರು ಬಂದು ನಮ್ಮದನ್ನು ಕಿತ್ತು ಅವರದನ್ನು ಹಾಕುತ್ತಾರೆ. ಕರೆಂಟು ಹೋಗಿ ಜನರೇಟರ್ ಬರುವಾಗ ಎಕ್ಸ್‌ಟರ್ನಲ್ ಡಿಸ್ಕ್ ಡಿಸ್ಕನೆಕ್ಟ್. ಇದೆಲ್ಲಕ್ಕಿಂತ ಕೆಟ್ಟದ್ದು ಒಂದು ಅಗ್ಗದ ಕಾರ್ಡ್ ರೀಡರ್. ಇನ್ನೂರೋ ಇನ್ನೂರೈವತ್ತೋ ಕೊಟ್ಟು ತಂದದ್ದು. ಕಾಪಿ ಆಯಿತು ಅಂತ ತೋರಿಸುತ್ತಿತ್ತು, ತೆರೆದರೆ ಫೋಟೊದ ಕೆಳಗಿನ ಅರ್ಧ ಬೂದು ಬಣ್ಣ. ಕಾರ್ಡಿನಲ್ಲಿ ಸರಿ ಇದೆ, ಡಿಸ್ಕಿನಲ್ಲಿ ಕೆಟ್ಟಿದೆ. ಅವತ್ತಿನಿಂದ ಟೆರಾಕಾಪಿ ಅನ್ನುವ ಕಾಪಿ ಸಾಫ್ಟ್‌ವೇರಿನಲ್ಲಿ ವೆರಿಫೈ (ಕಾಪಿ ಅಸಲಿನ ಹಾಗೇ ಇದೆಯಾ ಅಂತ ಮತ್ತೆ ಓದಿ ನೋಡುವುದು) ಟಿಕ್ ಮಾಡದೆ ಒಂದು ಫೈಲನ್ನೂ ಎಳೆಯುವುದಿಲ್ಲ. ಸಮಯ ಹೆಚ್ಚುಕಡಿಮೆ ಡಬಲ್ ಆಗುತ್ತದೆ, ಆಗಲಿ.

ವೈರ್‌ಲೆಸ್ ದಾರಿಯನ್ನೂ ನೋಡಿದೆ. ಗೆಳೆಯನ ನಿಕಾನ್ ಡಿ7500 ಕ್ಯಾಮೆರಾಕ್ಕೆ ಸ್ನ್ಯಾಪ್‌ಬ್ರಿಜ್ (ಫೋಟೊವನ್ನು ಫೋನಿಗೆ ಕಳಿಸುವ ನಿಕಾನ್ ಆಪ್) ಹಾಕಿ, ತೆಗೆದ ಫೋಟೊ ತಾನಾಗಿ ಫೋನಿಗೆ ಹೋಗುವ ಹಾಗೆ ಮಾಡಿದೆವು. ಹೋಗುವುದು 2 ಮೆಗಾಪಿಕ್ಸೆಲ್ ಸೈಜಿನದು. ವಾಟ್ಸಾಪ್‌ಗೆ ಸಾಕು, 12x36 ಇಂಚಿನ ಆಲ್ಬಮ್ಮಿಗೆ ಏನೂ ಪ್ರಯೋಜನವಿಲ್ಲ. ಮುಹೂರ್ತಕ್ಕೆ ಜನ ತುಂಬಿದ ಮೇಲೆ ಕನೆಕ್ಷನ್ ಕೂಡ ಪದೇ ಪದೇ ಕಡಿದುಹೋಗುತ್ತಿತ್ತು. ಬ್ಯಾಟರಿಯನ್ನೂ ಬೇಗ ಕುಡಿಯಿತು. ಅದನ್ನು ಅಲ್ಲಿಗೇ ಬಿಟ್ಟೆವು.

ಆ ಡಿ7500 ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಹಿಂದಿನ ಡಿ7200ಗೆ ಎರಡು ಸ್ಲಾಟ್ ಇತ್ತು. 2017ರಲ್ಲಿ ಬಂದ ಡಿ7500ಗೆ ಒಂದೇ ಸ್ಲಾಟ್. ಹೊಸದು, ಸ್ಪೀಡು ಜಾಸ್ತಿ ಅಂತ ನಮ್ಮ ಕಡೆ ಎಷ್ಟೋ ಜನ ತೆಗೆದುಕೊಂಡರು. ಮರುವರ್ಷ ಬಂದ ನಿಕಾನ್ ಝಡ್6, ಕೆನಾನ್ ಇಒಎಸ್ ಆರ್ ಎರಡಕ್ಕೂ ಒಂದೇ ಸ್ಲಾಟ್. ಮದುವೆ ಮಾಡುವವನು ಕ್ಯಾಮೆರಾದಲ್ಲಿ ಮೊದಲು ನೋಡಬೇಕಾದ್ದು ಕಾರ್ಡಿನ ಬಾಗಿಲು ಅಂತ ನಾನು ಆಗಲೂ ಹೇಳುತ್ತಿದ್ದೆ. ಡಿ7200 ಇಟ್ಟುಕೊಂಡೇ, 70 ಸಾವಿರದ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಡಿ750 ತಂದೆ. ಫುಲ್ ಫ್ರೇಮ್, ಎರಡು ಎಸ್‌ಡಿ ಸ್ಲಾಟ್. ಈಗಲೂ ಅದೇ ನನ್ನ ಮುಹೂರ್ತದ ಕ್ಯಾಮೆರಾ.

ಸ್ಲಾಟ್ ಎರಡು ಇದ್ದವರೂ ಎಷ್ಟೋ ಜನ ಅದನ್ನು ಓವರ್‌ಫ್ಲೋಗೆ ಇಟ್ಟಿರುತ್ತಾರೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತದೆ, ಅದರಿಂದ ರಕ್ಷಣೆ ಏನೂ ಇಲ್ಲ. ನನ್ನದು ಬ್ಯಾಕಪ್ ಮೋಡ್, ಅಂದರೆ ಒಂದೇ ಫೋಟೊ ಎರಡೂ ಕಾರ್ಡಿಗೆ. ಎರಡೂ ಕಡೆ ರಾ, ಅಂದರೆ ಕ್ಯಾಮೆರಾ ಕುಗ್ಗಿಸಿ ಜೆಪೆಗ್ ಮಾಡುವ ಮುಂಚಿನ ಪೂರ್ತಿ ವಿವರದ ಫೈಲ್. ಎರಡನೆಯದಕ್ಕೆ ಜೆಪೆಗ್ ಸಾಕು, ಜಾಗ ಉಳಿಯುತ್ತದೆ ಅಂತ ವಾದ ಮಾಡುವವರಿದ್ದಾರೆ. ಆರತಕ್ಷತೆಗೆ ಒಪ್ಪುತ್ತೇನೆ, ಅಲ್ಲಿ ಸ್ಟೇಜು, ಫ್ಲಾಶು, ಬೆಳಕು ಒಂದೇ ತರ ಇರುತ್ತದೆ. ಮಂಟಪದಲ್ಲಿ ಹಾಗಲ್ಲ. ಒಂದು ಕಡೆ ಹೋಮದ ಹೊಗೆ, ಇನ್ನೊಂದು ಕಡೆ ವಿಡಿಯೋದವರ ಲೈಟು, ಮೇಲೆ ಛತ್ರದ ಟ್ಯೂಬ್‌ಲೈಟು, ಬಾಗಿಲಿನಿಂದ ಬಿಸಿಲು. ವಧುವಿನ ಕೆನ್ನೆಯ ಮೇಲೆ ಮೂರು ಬಣ್ಣ ಇರುತ್ತದೆ. ಜೆಪೆಗ್‌ನಲ್ಲಿ ಅದನ್ನು ಎಳೆದು ಸರಿಮಾಡಲು ಹೋದರೆ ಚರ್ಮ ಪ್ಲಾಸ್ಟಿಕ್ ಆಗುತ್ತದೆ. ಬ್ಯಾಕಪ್‌ನಿಂದಲೇ ಆಲ್ಬಮ್ ಮಾಡುವ ದಿನ ಬಂದರೆ ಬ್ಯಾಕಪ್ ಕೂಡ ಅಷ್ಟೇ ಗಟ್ಟಿ ಇರಬೇಕು, ಅಲ್ವಾ? ಮಾಘದಲ್ಲಿ ಬಂದದ್ದು ಅದೇ ದಿನ.

ಎರಡೂ ಕಡೆ ರಾ ಬರೆದರೆ ಕ್ಯಾಮೆರಾ ನಿಧಾನ ಆಗುತ್ತದೆ ಅನ್ನುವುದು ನಿಜ. ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಫೋಟೊ ನಿಲ್ಲುವ ಕ್ಯಾಮೆರಾದ ಒಳಗಿನ ಜಾಗ) ಖಾಲಿಯಾಗುವುದು ನಿಧಾನದ ಕಾರ್ಡಿನ ವೇಗದಲ್ಲಿ. ಡಿ750ನಲ್ಲಿ ರಾ ಫೈಲನ್ನು 14 ಬಿಟ್ ಲಾಸ್‌ಲೆಸ್‌ಗೆ (ಬಣ್ಣದ ವಿವರ ಜಾಸ್ತಿ, ಫೈಲೂ ದೊಡ್ಡದು) ಇಟ್ಟರೆ ಹದಿನೈದು ಫ್ರೇಮಿಗೆ ಉಸಿರು ಕಟ್ಟುತ್ತದೆ. 12 ಬಿಟ್‌ಗೆ ಇಳಿಸಿದರೆ ಇಪ್ಪತ್ತೈದರ ಹತ್ತಿರ ಸಿಗುತ್ತದೆ. ಮದುವೆ ಆಲ್ಬಮ್ಮಿನಲ್ಲಿ ಆ ಎರಡು ಬಿಟ್‌ನ ವ್ಯತ್ಯಾಸವನ್ನು ನನ್ನ ಎದುರಿಗೆ ಯಾರೂ ಗುರುತಿಸಿಲ್ಲ, ಲ್ಯಾಬಿನವರೂ ಸೇರಿ. ಅದೂ ಅಲ್ಲದೆ ಗಟ್ಟಿಮೇಳ ಶುರುವಾದ ಕೂಡಲೇ ಬೆರಳು ಒತ್ತಿ ಹಿಡಿಯಬಾರದು. ಮೂರು ನಾಲ್ಕು ಫ್ರೇಮು, ಬಿಡು, ಮತ್ತೆ ಮೂರು ನಾಲ್ಕು. ಮೂರು ಗಂಟು ಬೀಳುವಷ್ಟು ಹೊತ್ತು ಇದ್ದೇ ಇರುತ್ತದೆ. ಅಕ್ಷತೆ ಗಾಳಿಯಲ್ಲಿರುವಾಗ ಬಫರ್ ಖಾಲಿ ಇರಬೇಕು, ಅಷ್ಟು ನೋಡಿಕೊಂಡರೆ ಸಾಕು.

ಕಾರ್ಡುಗಳ ವಿಷಯಕ್ಕೆ ಬರುತ್ತೇನೆ. ನಾನು 32 ಜಿಬಿಗಿಂತ ದೊಡ್ಡದು ಮುಹೂರ್ತಕ್ಕೆ ಹಾಕುವುದಿಲ್ಲ. 12 ಬಿಟ್ ರಾ ಸಾವಿರದಷ್ಟು ಹಿಡಿಯುತ್ತದೆ, ಸಾಕು. ಒಂದು ಸ್ಲಾಟಿಗೆ ಒಂದು ಕಂಪನಿ, ಇನ್ನೊಂದಕ್ಕೆ ಬೇರೆ ಕಂಪನಿ. ಒಂದೇ ಬ್ಯಾಚಿನಲ್ಲಿ ದೋಷ ಇದ್ದರೆ ಎರಡೂ ಒಟ್ಟಿಗೆ ಹೋಗಬಾರದು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಜೋಡಿ ಕೊಳ್ಳುವುದೂ ಇಲ್ಲ. ಮೈಕ್ರೋ ಎಸ್‌ಡಿಯನ್ನು ಅಡಾಪ್ಟರ್‌ಗೆ ತುರುಕಿ ಹಾಕುವುದಂತೂ ಇಲ್ಲವೇ ಇಲ್ಲ, ಎರಡು ಕಡೆ ಕಾಂಟ್ಯಾಕ್ಟ್ ಇದ್ದರೆ ಎರಡು ಕಡೆ ತೊಂದರೆ.

ಮೊದಲ ಸ್ಲಾಟಿನ ಕಾರ್ಡಿನ ಲೇಬಲ್ ಮೇಲೆ ಕೆಂಪು ನೇಲ್ ಪಾಲಿಶ್‌ನ ಸಣ್ಣ ಚುಕ್ಕೆ, ಎರಡನೆಯದಕ್ಕೆ ನೀಲಿ. ಪಕ್ಕದಲ್ಲಿ ಪರ್ಮನೆಂಟ್ ಪೆನ್ನಿನಲ್ಲಿ ಜೋಡಿ ನಂಬರು. ಚುಕ್ಕೆ ದಪ್ಪ ಆದರೆ ಸ್ಲಾಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕಡ್ಡಿಯ ತುದಿಯಲ್ಲಿ ಮುಟ್ಟಿಸಿದಷ್ಟು ಮಾತ್ರ. ಸ್ಟಿಕ್ಕರ್ ಬೇಡ, ಬಿಸಿಗೆ ಅಂಟು ಬಿಡುತ್ತದೆ. ಖಾಲಿ ಕಾರ್ಡ್ ಡಬ್ಬಿಯಲ್ಲಿ ಲೇಬಲ್ ಮೇಲೆ ಮಾಡಿ ಕೂರುತ್ತದೆ. ತೆಗೆದಾದ ಕಾರ್ಡ್ ಮಗುಚಿ, ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಮೇಲೆ ಬರುವ ಹಾಗೆ. ಕತ್ತಲಲ್ಲೂ ಬೆರಳಿಗೇ ಗೊತ್ತಾಗುತ್ತದೆ. ಕೆಂಪು ಡಬ್ಬಿ ನನ್ನ ಸೊಂಟದ ಚೀಲದಲ್ಲಿ. ನೀಲಿ ಡಬ್ಬಿ ಅಸಿಸ್ಟೆಂಟ್ ಹತ್ತಿರ, ಅವನು ಬೇರೆ ಗಾಡಿಯಲ್ಲಿ ಹೋಗುತ್ತಾನೆ. ಎರಡು ಸ್ಲಾಟ್ ಇದ್ದರೂ ಕ್ಯಾಮೆರಾನೇ ಕಳುವಾದರೆ ಏನು ಮಾಡುತ್ತೀರಿ? ಅದಕ್ಕೇ ಒಂದೊಂದು ಶಾಸ್ತ್ರ ಮುಗಿದ ಕೂಡಲೇ ಜೋಡಿ ಹೊರಗೆ ಬರುತ್ತದೆ, ತುಂಬಿರಲಿ ಬಿಡಲಿ. ಆರತಕ್ಷತೆಗೆ ಒಂದು ಜೋಡಿ, ಬೆಳಗಿನ ಶಾಸ್ತ್ರಗಳಿಗೆ ಒಂದು, ಧಾರೆಯಿಂದ ಮುಂದಕ್ಕೆ ಒಂದು, ಹೆಣ್ಣೊಪ್ಪಿಸುವುದಕ್ಕೆ ಇನ್ನೊಂದು. ಧಾರೆಗೆ ಮುಂಚೆ ಕಾರ್ಡ್ ಬದಲಿಸಲು ಸಮಯ ಸಿಗುವ ಹಾಗೆ ಪುರೋಹಿತರ ಹತ್ತಿರ ಮೊದಲೇ ಒಂದು ಮಾತು ಮಾಡಿಕೊಂಡಿರುತ್ತೇನೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ಹತ್ತಿರವೇ ಇರಲಿ.

ಕ್ಯಾಮೆರಾದಲ್ಲಿ ಡಿಲೀಟ್ ಬಟನ್ ಮುಟ್ಟುವ ಹಾಗಿಲ್ಲ. ಫಾರ್ಮ್ಯಾಟ್ ಯಾವಾಗಲೂ ಅದೇ ಕ್ಯಾಮೆರಾದಲ್ಲೇ, ಕಂಪ್ಯೂಟರಿನಲ್ಲಿ ಅಲ್ಲ.

ಹೊಸ ಕಾರ್ಡ್ ಬಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಕಾರ್ಡ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕುತ್ತೇನೆ. ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತದೆ. ಒಬ್ಬ ಗೆಳೆಯ ಅರ್ಧ ಬೆಲೆಗೆ 128 ಜಿಬಿ ಸಿಕ್ಕಿತು ಅಂತ ತಂದ. ಟೆಸ್ಟ್ ಮಾಡಿದರೆ ನಿಜವಾಗಿ ಇದ್ದದ್ದು 8 ಜಿಬಿಯೂ ಇಲ್ಲ. ಅದಕ್ಕಿಂತ ಹೆಚ್ಚಿಗೆ ಬರೆದದ್ದೆಲ್ಲ ಹೆಸರಿಗೆ ಮಾತ್ರ ಫೈಲ್, ಒಳಗೆ ಏನೂ ಇಲ್ಲ. ಕವರು, ಲೋಗೊ ಎಲ್ಲ ಅಸಲಿನ ಹಾಗೇ ಇತ್ತು.

ಆಷಾಢದಲ್ಲಿ ಕೆಲಸ ಇಲ್ಲದಾಗ ಹಳೆ ಕಾರ್ಡುಗಳ ಮೇಲೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಂದನ್ನು ರಾತ್ರಿಯಿಡೀ ನೀರಿನಲ್ಲಿ, ಇನ್ನೊಂದನ್ನು ಅರಿಶಿನದ ನೀರಿನಲ್ಲಿ ಇಟ್ಟೆ. ಛತ್ರದಲ್ಲಿ ಏನು ಬೇಕಾದರೂ ಬೀಳಬಹುದಲ್ಲ. ಎರಡು ದಿನ ಫ್ಯಾನ್ ಗಾಳಿಗೆ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಾಂಟ್ಯಾಕ್ಟ್ ಒರೆಸಿ ಹಾಕಿದರೆ ಎರಡೂ ಓದಿದವು. ಒದ್ದೆ ಇರುವಾಗ ಕ್ಯಾಮೆರಾಕ್ಕೆ ಹಾಕಿದರೆ ಮಾತ್ರ ಕೆಲಸ ಕೆಟ್ಟಿತು. ನೀರಿಗಿಂತ ಅಪಾಯ ಪ್ಯಾಂಟಿನ ಹಿಂದಿನ ಜೇಬು. ಕೂತಾಗ ಬಾಗಿದ ಕಾರ್ಡಿನ ಅಂಚು ಬಿರುಕು ಬಿಟ್ಟು, ಆಮೇಲೆ ಒಂದು ಸಲ ಓದುತ್ತದೆ, ಒಂದು ಸಲ ಓದುವುದಿಲ್ಲ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ನನ್ನ ಹತ್ತಿರ ಈಗ ನಲವತ್ತರ ಮೇಲೆ ಕಾರ್ಡಿವೆ. ಆಗಿನ ರೇಟಿನಲ್ಲಿ ಒಂದಕ್ಕೆ 450ರಿಂದ 600. ಒಟ್ಟು 20 ಸಾವಿರ ದಾಟಿರಬಹುದು, ಎರಡು ಮೂರು ವರ್ಷದಲ್ಲಿ ಹಂಚಿ ಹಾಕಿದ್ದು. ಒಂದು ಮದುವೆಯ ಪ್ಯಾಕೇಜು 60, 70 ಸಾವಿರ. ಕೊಟೇಶನ್‌ನಲ್ಲಿ ‘ಡಬಲ್ ಕಾರ್ಡ್ ಸೇಫ್ಟಿ’ ಅಂತ 1,500 ಬೇರೆಯಾಗಿ ಬರೆಯುತ್ತೇನೆ. ಮೊದಮೊದಲು ಜನ ಅದನ್ನೇ ಹೊಡೆದುಹಾಕಲು ನೋಡುತ್ತಿದ್ದರು. ಹುಡುಗಿಯ ತಾಯಿಗೆ ಎರಡು ಡಬ್ಬಿ ತೋರಿಸಿ ಹೇಳಿದರೆ ಆಮೇಲೆ ಚೌಕಾಸಿ ಬರುವುದಿಲ್ಲ. ಒಂದೇ ವರ್ಷದಲ್ಲಿ ಕಾರ್ಡಿನ ದುಡ್ಡು ಪೂರ್ತಿ ವಾಪಸ್ ಬಂತು.

ನಿಜವಾದ ಕಷ್ಟ ಬಂದದ್ದು ಬೇರೆ ಕಡೆ. ಆಲ್ಬಮ್ ಕೊಡುವವರೆಗೂ ನೀಲಿ ಕಾರ್ಡ್ ಇಡುತ್ತೇನೆ ಅಂತ ಶುರುಮಾಡಿದೆ. ಮನೆಯವರು ಫೋಟೊ ಸೆಲೆಕ್ಟ್ ಮಾಡಿಕೊಡುವುದೇ ಆರು ತಿಂಗಳಿಗೆ, ವರ್ಷಕ್ಕೆ. ಮಗು ಹುಟ್ಟಿ ನಾಮಕರಣಕ್ಕೆ ಕರೆಯುವಾಗ ಮದುವೆ ಆಲ್ಬಮ್ ಕೇಳುವವರಿದ್ದಾರೆ. ಕಾರ್ಡೆಲ್ಲ ಸ್ಟೀಲ್ ಡಬ್ಬಿಯಲ್ಲಿ ಸೇರಿ, ವೈಶಾಖದ ಸೀಸನ್ನಿಗೆ ಖಾಲಿ ಕಾರ್ಡೇ ಇಲ್ಲ ಅನ್ನುವ ಪರಿಸ್ಥಿತಿ ಬಂತು. ನಿಯಮ ಬದಲಿಸಿದೆ. ಎರಡು ಬೇರೆ ಬೇರೆ ಡಿಸ್ಕಿಗೆ ವೆರಿಫೈ ಸಮೇತ ಕಾಪಿ. ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ಹದಿನೈದು ದಿನದೊಳಗೆ ಎಲ್ಲ ಜೆಪೆಗ್ ಪೆನ್‌ಡ್ರೈವ್‌ನಲ್ಲಿ ಮನೆಯವರಿಗೆ. ಅವರು ಮನೆಯಲ್ಲಿ ತೆರೆದು ನೋಡಿ ಸಹಿ ಹಾಕಿ ಕಳಿಸಿದ ಮೇಲೆ ಮೂರು ತಿಂಗಳು ಕಾದು ನೀಲಿ ಕಾರ್ಡ್ ಬಿಡುಗಡೆ. ಹೀಗೆ ಮಾಡಿದ ಮೇಲೆ ಕಾರ್ಡ್ ಸಾಲದೆ ಬಂದದ್ದಿಲ್ಲ, ಬಾಕಿ ಹಣವೂ ಬೇಗ ಬರುತ್ತಿದೆ.

ಈಗ ಝಡ್6 II ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ. ಎರಡು ಸ್ಲಾಟ್ ಇದೆ, ಆದರೆ ಒಂದು ಸಿಎಫ್ ಎಕ್ಸ್‌ಪ್ರೆಸ್ (ವೇಗದ, ದುಬಾರಿಯ ಬೇರೆ ಬಗೆಯ ಕಾರ್ಡ್), ಒಂದು ಎಸ್‌ಡಿ. ಜೋಡಿ ಪದ್ಧತಿಗೆ ಇದು ತೊಡಕು, ಒಂದೊಂದು ಸಿಎಫ್ ಎಕ್ಸ್‌ಪ್ರೆಸ್‌ಗೆ ಹತ್ತು ಸಾವಿರದ ಆಸುಪಾಸು ಇಡಬೇಕು. ಕೆಂಪು ಕಡೆಗೆ ಅಂಥವು ಎರಡೇ ಇಟ್ಟುಕೊಂಡು ರಾತ್ರಿಯೇ ಖಾಲಿ ಮಾಡುವುದು, ನೀಲಿ ಕಡೆಗೆ ಈಗಿನ ಎಸ್‌ಡಿಗಳನ್ನೇ ನಡೆಸುವುದು ಅಂತ ಯೋಚನೆ. ಸಣ್ಣ ಕೆಲಸ, ನಾಮಕರಣ, ಗೃಹಪ್ರವೇಶಗಳಲ್ಲಿ ಮೊದಲು ನಡೆಸಿ ನೋಡುತ್ತೇನೆ. ಅಲ್ಲಿ ಸರಿಹೋದರೆ ಮಾತ್ರ ಕಾರ್ತಿಕದ ಮುಹೂರ್ತಗಳಿಗೆ. ಅಲ್ಲಿಯವರೆಗೆ ಡಿ750.