ಗೂಗಲ್ ಅರ್ಥ್‌ನಲ್ಲಿ ಹೊಲದ ನಕ್ಷೆ: ಯಾವ ಅಳತೆ ನಂಬಬಹುದು, ಯಾವುದು ಬೇಡ

ಡ್ರಿಪ್ ಹಾಕಿಸಲು, ಬೇಲಿಗೆ ಕಂಬ ಲೆಕ್ಕ ಹಾಕಲು, ಎಷ್ಟು ಸಸಿ ತರಬೇಕೆಂದು ತಿಳಿಯಲು ಹೊಲದ ನಕ್ಷೆಯೊಂದು ಬೇಕೇ ಬೇಕು. ಸರ್ವೆ ಟಿಪ್ಪಣಿಯಲ್ಲಿ ಗಡಿ ಸಿಗುತ್ತದೆ. ಒಳಗಿನ ಬದು, ಬೋರ್‌ವೆಲ್, ಗಾಡಿ ದಾರಿ, ಪೈಪ್‌ಲೈನ್ ಅದರಲ್ಲಿರುವುದಿಲ್ಲ. ಅವನ್ನೆಲ್ಲ ಸೇರಿಸಿದ ನಕ್ಷೆಯನ್ನು ಖರ್ಚಿಲ್ಲದೆ ಮಾಡಿಕೊಳ್ಳಲು ನಾನು ಬಳಸುವುದು ಗೂಗಲ್ ಅರ್ಥ್ ಪ್ರೊ. ಮೊಬೈಲ್ ಆಪ್ ಅಲ್ಲ, ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪ್ರೋಗ್ರಾಂ. 2015ರಿಂದ ಅದು ಉಚಿತ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಉಪಗ್ರಹ ಚಿತ್ರ ನಿಜವಾದ ಜಾಗದಿಂದ ಕೆಲವು ಮೀಟರ್ ಪಕ್ಕಕ್ಕೆ ಸರಿದು ಕೂತಿರುತ್ತದೆ. ಆದರೆ ಇಡೀ ಹೊಲ ಒಟ್ಟಿಗೇ ಸರಿದಿರುವುದರಿಂದ ಬದುವಿನಿಂದ ಬದುವಿಗೆ ಇರುವ ದೂರ, ತಾಕಿನ ವಿಸ್ತೀರ್ಣ ಇವು ಕೆಡುವುದಿಲ್ಲ. ಹಾಗಾಗಿ ಪೈಪು, ಸಸಿ, ಗೊಬ್ಬರದ ಲೆಕ್ಕಕ್ಕೆ ಈ ನಕ್ಷೆ ಚೆನ್ನಾಗಿ ಒದಗುತ್ತದೆ. ಗಡಿ ತಕರಾರಿಗೆ ಒದಗುವುದಿಲ್ಲ. ಅದಕ್ಕೆ ಬಾಂದು ಕಲ್ಲು ಮತ್ತು ಸರ್ವೆಯರ್ ಅಳತೆಯೇ ಆಗಬೇಕು.

ಹೊಲ ಯಾವ ಸರ್ವೆ ನಂಬರಿನಲ್ಲಿದೆ ಎಂದು ಗುರುತಿಸಲು ಕರ್ನಾಟಕದಲ್ಲಿ ದಿಶಾಂಕ್ ಆಪ್ ಸಾಕು. ಹೊಲದಲ್ಲಿ ನಿಂತು ತೆರೆದರೆ ನಂಬರ್ ತೋರಿಸುತ್ತದೆ. ಅದರ ಗೆರೆಗಳು ಹಳೆಯ ಗ್ರಾಮ ನಕ್ಷೆಗಳಿಂದ ಬಂದವು. ಚಿತ್ರದ ಮೇಲೆ ಕೂರಿಸಿದಾಗ ನಿಜವಾದ ಬದುವಿಗೆ ಹೊಂದದೆ ಇರಬಹುದು. ಆ ಗೆರೆಯನ್ನು ನಕಲು ಮಾಡಬೇಡಿ, ಚಿತ್ರದಲ್ಲಿ ಕಾಣುವ ಬದುವನ್ನೇ ಬರೆಯಿರಿ.

ಗೂಗಲ್ ಅರ್ಥ್ ತೆರೆದ ಮೇಲೆ ಎಡಗಡೆಯ ಪಟ್ಟಿಯಲ್ಲಿ ಟೆರೇನ್ (ನೆಲದ ಏರಿಳಿತ ತೋರಿಸುವ ಪದರ) ಎಂಬುದರ ಟಿಕ್ ಗುರುತನ್ನು ತೆಗೆಯಿರಿ. ಮೈ ಪ್ಲೇಸಸ್ ಕೆಳಗೆ ಸರ್ವೆ ನಂಬರಿನ ಹೆಸರಲ್ಲೇ ಒಂದು ಫೋಲ್ಡರ್ ಮಾಡಿ. ಹೊಲದ ಮೇಲೆ ಬಂದು ಕೀಬೋರ್ಡಿನ ಆರ್ ಒತ್ತಿದರೆ ಉತ್ತರ ಮೇಲಾಗಿ, ನೋಟ ನೆಟ್ಟಗೆ ಕೆಳಮುಖವಾಗುತ್ತದೆ. ಓರೆ ನೋಟದಲ್ಲಿ ಗೆರೆ ಎಳೆದರೆ ಬಿಂದು ಕೂತ ಜಾಗ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ.

ಮುಂದಿನ ಹೆಜ್ಜೆ ಎಲ್ಲಕ್ಕಿಂತ ಮುಖ್ಯ: ಚಿತ್ರದ ತಾರೀಖು ಆರಿಸುವುದು. ಮೇಲಿನ ಸಾಲಿನಲ್ಲಿರುವ ಗಡಿಯಾರದ ಗುರುತು ಒತ್ತಿದರೆ ಹಿಂದಿನ ವರ್ಷಗಳ ಚಿತ್ರಗಳೂ ಬರುತ್ತವೆ. ಮಳೆಗಾಲದ್ದು ಬೇಡ; ಮೋಡ ಇರುತ್ತದೆ, ಬದುವಿನ ಹುಲ್ಲು ಬೆಳೆಯ ಹಸಿರಿನಲ್ಲಿ ಸೇರಿಹೋಗುತ್ತದೆ. ಬಯಲುಸೀಮೆಯ ಹೊಲಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಚಿತ್ರ ಹೇಳಿ ಮಾಡಿಸಿದ್ದು: ಉಳುಮೆ ಮಾಡಿದ ಮಣ್ಣು ಒಂದು ಬಣ್ಣ, ಬದು ಇನ್ನೊಂದು ಬಣ್ಣ. ಗದ್ದೆಗಾದರೆ ನಾಟಿಗೆ ನೀರು ಕಟ್ಟಿದ ಹೊತ್ತಿನ ಚಿತ್ರ ಸಿಕ್ಕರೆ ಅದೇ ಒಳ್ಳೆಯದು, ಒಂದೊಂದು ತೆವರೂ ಗೆರೆ ಎಳೆದ ಹಾಗೆ ಕಾಣುತ್ತದೆ. ಆರಿಸಿದ ತಾರೀಖನ್ನು ಫೋಲ್ಡರ್ ಹೆಸರಿನಲ್ಲೇ ಬರೆದಿಡಿ. ಎಲ್ಲ ಗೆರೆಗಳನ್ನೂ ಆ ಒಂದೇ ಚಿತ್ರದ ಮೇಲೆ ಎಳೆಯಬೇಕು. ಗಡಿ ಒಂದು ವರ್ಷದ್ದು, ಒಳಬದು ಇನ್ನೊಂದು ವರ್ಷದ್ದು ಆದರೆ ಎರಡೂ ಬೇರೆ ಬೇರೆ ಕಡೆಗೆ ಸರಿದಿರುತ್ತವೆ, ನಕ್ಷೆಯ ಒಳಗಿನ ದೂರಗಳೇ ಸುಳ್ಳಾಗುತ್ತವೆ.

ತೋಟದ ಕಷ್ಟ ಬೇರೆ. ಉಪಗ್ರಹ ನೆತ್ತಿಯ ಮೇಲಿಂದ ನೆಟ್ಟಗೆ ನೋಡುವುದು ಅಪರೂಪ. 15 ಮೀಟರ್ ಎತ್ತರದ ತೆಂಗಿನ ಮರವನ್ನು 20 ಡಿಗ್ರಿ ಓರೆಯಿಂದ ತೆಗೆದಿದ್ದರೆ ಚಿತ್ರದಲ್ಲಿ ತಲೆ ಬುಡದಿಂದ ಐದೂವರೆ ಮೀಟರ್ ಆಚೆ ಬಿದ್ದಿರುತ್ತದೆ. ಗಡಿಯ ಸಾಲು ಮರಗಳ ತಲೆ ನೋಡಿ ಗೆರೆ ಎಳೆದರೆ ಪಕ್ಕದವರ ಜಮೀನಿಗೆ ಹೋಗಿರುತ್ತೀರಿ. ಬೇರೆ ಬೇರೆ ತಾರೀಖಿನ ಎರಡು ಚಿತ್ರ ಹೋಲಿಸಿ ನೋಡಿ: ಮರಗಳು ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಮತ್ತೊಂದು ಕಡೆ ವಾಲಿದ್ದರೆ ಕಾರಣ ಇದೇ. ವಾಲು ಕಡಿಮೆ ಇರುವ ಚಿತ್ರ ತೆಗೆದುಕೊಳ್ಳಿ. ನೆರಳನ್ನು ಬದು ಎಂದು ತಿಳಿಯುವ ಅಪಾಯವೂ ಇದೆ. ಬಹುತೇಕ ಚಿತ್ರಗಳು ಬೆಳಿಗ್ಗೆ ಹತ್ತು-ಹನ್ನೊಂದರ ಆಸುಪಾಸಿನವು. ಚಳಿಗಾಲದಲ್ಲಿ ಮರದ ನೆರಳು ವಾಯವ್ಯಕ್ಕೆ ಉದ್ದವಾಗಿ ಬೀಳುತ್ತದೆ.

ಗೆರೆ ಎಳೆಯುವ ಮುನ್ನ ಟೇಪು ಹಿಡಿದು ಒಂದು ಸಲ ಹೊಲಕ್ಕೆ ಹೋಗಬೇಕು. ಚಿತ್ರದಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಕಾಣುವ ಎರಡು ಜಾಗ, ಉದಾಹರಣೆಗೆ ಪಂಪ್‌ಹೌಸ್ ಮೂಲೆಯಿಂದ ಗೇಟಿನ ಕಂಬದವರೆಗೆ, ಅಳೆದುಕೊಳ್ಳಿ. 50 ಮೀಟರಿಗಿಂತ ಉದ್ದವಿದ್ದರೆ ಒಳ್ಳೆಯದು. ಅದೇ ದೂರವನ್ನು ಗೂಗಲ್ ಅರ್ಥ್‌ನ ಅಳತೆ ಸಾಧನ ರೂಲರ್‌ನ ಲೈನ್‌ನಲ್ಲಿ ನೋಡಿ. ನೂರು ಮೀಟರಿಗೆ ಎರಡು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆ ತಾರೀಖಿನ ಚಿತ್ರ ಹುಡುಕುತ್ತೇನೆ. ಮಲೆನಾಡಿನ ಇಳಿಜಾರಿನಲ್ಲಿ ಇನ್ನೊಂದು ಲೆಕ್ಕವಿದೆ. 20 ಡಿಗ್ರಿ ಇಳಿಜಾರಿನಲ್ಲಿ ನಕ್ಷೆಯ 100 ಮೀಟರ್ ನೆಲದಲ್ಲಿ 106 ಮೀಟರ್. ಪೈಪು ತರುವಾಗ ಈ ಆರು ಮೀಟರ್ ಬೇಕು. ಪಹಣಿಯ ವಿಸ್ತೀರ್ಣಕ್ಕೆ ಹೋಲಿಸುವಾಗ ಬೇಡ, ಅಲ್ಲಿರುವುದು ಮಟ್ಟದ ಅಳತೆ.

ಈಗ ಗಡಿ ಬರೆಯಲು ಆಡ್ ಪಾಲಿಗಾನ್ (ಮುಚ್ಚಿದ ಆಕಾರ ಎಳೆಯುವ ಸಾಧನ). ಬದು ತಿರುಗುವಲ್ಲೆಲ್ಲ ಒಂದೊಂದು ಕ್ಲಿಕ್. ಒತ್ತಿ ಹಿಡಿದು ಎಳೆದರೆ ನೂರಾರು ಬಿಂದುಗಳು ಸುರಿದುಬಿಡುತ್ತವೆ, ಆಮೇಲೆ ತಿದ್ದುವುದು ತ್ರಾಸು. ತಪ್ಪು ಬಿಂದುವನ್ನು ರೈಟ್ ಕ್ಲಿಕ್ ಮಾಡಿ ತೆಗೆಯಬಹುದು. ಬಿಳಿ ಬಣ್ಣ ಇಡೀ ಹೊಲವನ್ನು ಮುಚ್ಚಿದರೆ ಸ್ಟೈಲ್‌ನಲ್ಲಿ ಔಟ್‌ಲೈನ್ಡ್ ಆರಿಸಿ. ಬದುವಿನ ಒಳಅಂಚೋ, ನಡುವೋ, ಹೊರಅಂಚೋ ಎಂದು ಮೊದಲೇ ತೀರ್ಮಾನಿಸಿ ಕೊನೆವರೆಗೂ ಅದನ್ನೇ ಹಿಡಿಯಿರಿ. ಇದು ಚಿಕ್ಕ ವಿಷಯವಲ್ಲ. ಒಂದು ಎಕರೆ ಚೌಕದ ಬದಿ ಸುಮಾರು 63.6 ಮೀಟರ್, ಸುತ್ತಲೂ ಗೆರೆ ಒಂದು ಮೀಟರ್ ಆಚೆ ಹೋದರೆ ಎರಡೂವರೆ ಗುಂಟೆ ಹೆಚ್ಚಾಗುತ್ತದೆ, ಅಂದರೆ ಶೇ. 6ಕ್ಕೂ ಮೇಲೆ. ಐದು ಎಕರೆಗೆ ಅದೇ ತಪ್ಪು ಶೇ. 3ರೊಳಗೆ ಇರುತ್ತದೆ. ಹೊಲ ಚಿಕ್ಕದಾದಷ್ಟೂ ಹೆಚ್ಚು ಹತ್ತಿರಕ್ಕೆ ಝೂಮ್ ಮಾಡಿ ಬಿಂದು ಇಡಬೇಕು. ಬಿತ್ತನೆ, ಗೊಬ್ಬರಕ್ಕೆ ನಾನು ಒಳಅಂಚು ಹಿಡಿಯುತ್ತೇನೆ.

ಮೆಷರ್‌ಮೆಂಟ್ಸ್‌ನಲ್ಲಿ ಏರಿಯಾವನ್ನು ಎಕರೆಗೆ ಬದಲಿಸಿಕೊಳ್ಳಿ. ಅಲ್ಲಿ 2.35 ಎಂದು ಬಂದರೆ ಅದು 2 ಎಕರೆ 35 ಗುಂಟೆ ಅಲ್ಲ. ಎಕರೆಗೆ 40 ಗುಂಟೆ, 0.35ನ್ನು 40ರಿಂದ ಗುಣಿಸಿದರೆ 14. ಅಂದರೆ 2 ಎಕರೆ 14 ಗುಂಟೆ. ಪಹಣಿಯ 2-35ಕ್ಕೂ ಇದಕ್ಕೂ ಅರ್ಧ ಎಕರೆಗಿಂತ ಹೆಚ್ಚು ವ್ಯತ್ಯಾಸ! ಪಹಣಿಯೊಡನೆ ಹೋಲಿಸುವಾಗ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದ ವಿಸ್ತೀರ್ಣವೋ, ಸೇರಿದ್ದೋ ಎಂದೂ ನೋಡಿಕೊಳ್ಳಿ.

ಗಾಡಿ ದಾರಿ, ಕಾಲುವೆ, ಕಣ ಇವನ್ನೂ ಬೇರೆ ಪಾಲಿಗಾನ್ ಮಾಡಿ ಕಳೆಯಬೇಕು. 10 ಅಡಿ ಅಗಲ, 200 ಮೀಟರ್ ಉದ್ದದ ದಾರಿ 6 ಗುಂಟೆ ತಿನ್ನುತ್ತದೆ. ಒಂಬತ್ತಡಿ ಅಂತರದ ಅಡಿಕೆಯಲ್ಲಿ ಎಕರೆಗೆ 538 ಸಸಿ ಎಂಬುದು ಬರಿಯ ಲೆಕ್ಕ. ಆ ದಾರಿಯೊಂದೇ 81 ಸಸಿಯ ಜಾಗ.

ಪೈಪಿಗೆ ಆಡ್ ಪಾತ್ (ಗೆರೆ ಎಳೆಯುವ ಸಾಧನ). ಮೇನ್‌ಲೈನ್ ಒಂದು ಬಣ್ಣ, ಸಬ್‌ಮೇನ್ ಇನ್ನೊಂದು. ಗೇಟ್‌ವಾಲ್ವ್, ಬೋರ್‌ವೆಲ್, ಟ್ರಾನ್ಸ್‌ಫಾರ್ಮರ್‌ಗೆ ಪ್ಲೇಸ್‌ಮಾರ್ಕ್. ಚಿತ್ರದಲ್ಲಿ ಕಾಣುವುದನ್ನು ಕಣ್ಣಾರೆ ನೋಡಿ ಗುರುತಿಸಿ. ಕಾಣದ ವಾಲ್ವ್‌ಗೆ ಮೊಬೈಲ್ ಜಿಪಿಎಸ್ ಬೇಡ: ಬಯಲಿನಲ್ಲೇ ಮೂರರಿಂದ ಐದು ಮೀಟರ್ ಆಚೀಚೆ, ಅಡಿಕೆ ತೋಟದೊಳಗೆ ಇನ್ನೂ ಹೆಚ್ಚು, ಅದರ ಮೇಲೆ ಚಿತ್ರದ ಸರಿತ ಬೇರೆ. ಕಾಣುವ ಎರಡು ಜಾಗಗಳಿಂದ ವಾಲ್ವ್‌ವರೆಗೆ ಟೇಪು ಹಿಡಿದು, ಚಿತ್ರದಲ್ಲಿ ಆ ಎರಡು ದೂರ ಕೂಡುವಲ್ಲಿ ಗುರುತು ಹಾಕಿ. ಹೂತ ಪೈಪನ್ನು ಮುಂದೊಂದು ದಿನ ಅಗೆದು ಹುಡುಕುವವರಿಗೆ ಇದೇ ಆಧಾರ.

ಗೂಗಲ್ ಅರ್ಥ್ ತೋರಿಸುವ ಎತ್ತರ-ತಗ್ಗಿನ ಗೆರೆಚಿತ್ರ, ಅಂದರೆ ಎಲಿವೇಶನ್ ಪ್ರೊಫೈಲ್ ನೋಡಿ ನೀರು ಯಾವ ಕಡೆ ಹರಿಯುತ್ತದೆ ಎಂದು ತೀರ್ಮಾನಿಸಬೇಡಿ. ಅದರ ಎತ್ತರದ ಮಾಹಿತಿ ಹೊಲದ ಒಂದೆರಡು ಅಡಿ ಏರಿಳಿತ ಹಿಡಿಯುವಷ್ಟು ಸೂಕ್ಷ್ಮವಲ್ಲ. ಟ್ಯೂಬ್ ಲೆವೆಲ್ ಸಾಕು, ಅದು ಸುಳ್ಳು ಹೇಳುವುದಿಲ್ಲ.

ಬೆಳೆ ಎಲ್ಲಿ ಸೊರಗಿದೆ ಎಂದು ನೋಡಲು ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ, ಸುಮಾರು ಐದು ದಿನಕ್ಕೊಂದು ಬರುತ್ತದೆ. ಅದರ ಒಂದು ಚುಕ್ಕೆ 10 ಮೀಟರ್ ಚೌಕ, ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ ನಲವತ್ತೇ ಚುಕ್ಕೆ, ಅಂಚಿನವು ಪಕ್ಕದ ಹೊಲವನ್ನೂ ಸೇರಿಸಿಕೊಂಡಿರುತ್ತವೆ. ಒಂದೆರಡು ಎಕರೆಗಿಂತ ಚಿಕ್ಕ ತಾಕಿಗೆ ಇದರಿಂದ ಪ್ರಯೋಜನ ಕಡಿಮೆ.

ಕೆಲಸ ಮುಗಿದ ಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಪ್ಲೇಸ್ ಆ್ಯಸ್ ಆರಿಸಿ, ಕೆಎಂಝಡ್ (ಗೂಗಲ್ ಅರ್ಥ್‌ನ ಫೈಲ್ ಬಗೆ) ಆಗಿ ಉಳಿಸಿ. ಟೆಂಪರರಿ ಪ್ಲೇಸಸ್‌ನಲ್ಲೇ ಬಿಟ್ಟರೆ ಪ್ರೋಗ್ರಾಂ ಕೈಕೊಟ್ಟಾಗ ಎಲ್ಲವೂ ಹೋಗುತ್ತದೆ. ಕೆಲಸದವರಿಗೆ ಕೊಡಲು ಸೇವ್ ಇಮೇಜ್‌ನಲ್ಲಿ ಸ್ಕೇಲ್, ದಿಕ್ಕು ಸೇರಿಸಿ ಮುದ್ರಿಸಿದರೆ ಸಾಕು. ಸ್ಕೇಲ್ ಪಟ್ಟಿ ಇಟ್ಟು ಅಳೆಯುವಂಥ ನಕ್ಷೆ ಬೇಕೆಂದರೆ ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಉಚಿತ ಪ್ರೋಗ್ರಾಂಗೆ ಹೋಗಬೇಕು. ಅಲ್ಲಿ ಉಪಗ್ರಹ ಚಿತ್ರ ಮೊದಲು ಸೇರಿಸಿದರೆ ಪ್ರಾಜೆಕ್ಟ್ ವೆಬ್ ಮರ್ಕೇಟರ್‌ಗೆ (ದುಂಡನೆ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದು ವಿಧಾನ) ಹೋಗಿಬಿಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ದೂರವನ್ನು ಸುಮಾರು ಶೇ. 3 ಹಿಗ್ಗಿಸುತ್ತದೆ. ಅದನ್ನು ದೂರ ಹೆಚ್ಚುಕಡಿಮೆ ಕೆಡದ ಯುಟಿಎಂ ವಿಧಾನದ 43 ಉತ್ತರ ವಲಯಕ್ಕೆ, ಅಂದರೆ ಪಟ್ಟಿಯಲ್ಲಿ ಇಪಿಎಸ್‌ಜಿ 32643 ಎಂಬ ಸಂಕೇತಕ್ಕೆ ಬದಲಿಸಿ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರದ ಕಡೆಗೆ 32644. 1:500ರಲ್ಲಿ ಒಂದು ಸೆಂಟಿಮೀಟರ್ ಐದು ಮೀಟರ್, ಎ3 ಹಾಳೆಯಲ್ಲಿ ಸುಮಾರು ಏಳು ಎಕರೆ ಹಿಡಿಯುತ್ತದೆ. ಮುದ್ರಿಸುವಾಗ 'ಫಿಟ್ ಟು ಪೇಜ್' ಗುರುತು ತೆಗೆದು, ಟೇಪಿನಿಂದ ಅಳೆದಿದ್ದ ಆ ಪಂಪ್‌ಹೌಸ್–ಗೇಟ್ ದೂರವನ್ನು ಹಾಳೆಯ ಮೇಲೂ ಒಮ್ಮೆ ಸ್ಕೇಲ್ ಇಟ್ಟು ನೋಡಿದ ಮೇಲೆಯೇ ಲ್ಯಾಮಿನೇಷನ್‌ಗೆ ಕೊಡಿ.