ಕುದುರೆ ಓಟದ ಪಂತ: ಕಟ್ಟುವುದು ಹೇಗೆ, ಲೆಕ್ಕ ತೀರುವುದು ಹೇಗೆ

ಕರಾವಳಿಯವರಿಗೆ ಓಟವೆಂದರೆ ಮೊದಲು ಕಂಬಳ. ಎರಡು ಕರೆಗಳಲ್ಲಿ, ಅಂದರೆ ಕೆಸರಿನ ಓಟದ ಹಾದಿಗಳಲ್ಲಿ, ಎರಡು ಜೋಡಿ ಕೋಣಗಳು ಓಡುತ್ತವೆ, ಗೆದ್ದ ಕೋಣಗಳ ಯಜಮಾನರಿಗೆ ಬಹುಮಾನ ಸಿಗುತ್ತದೆ, ನೋಡುವವರಿಗೆ ನೋಡಿದ ಸಂತೋಷವಷ್ಟೇ. ಕುದುರೆ ಓಟದ ವ್ಯವಸ್ಥೆ ಹಾಗಲ್ಲ. ಅಲ್ಲಿ ಪ್ರೇಕ್ಷಕನು ಕಟ್ಟುವ ಹಣವೇ ಇಡೀ ವ್ಯವಹಾರದ ಆಧಾರ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ರೇಸ್‌ಕೋರ್ಸ್ ಇಲ್ಲದಿರುವುದರಿಂದ, ಓಟ ನೋಡಬೇಕೆನ್ನುವವರು ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಅಥವಾ ಶಿರಾಡಿ ದಾಟಿ ಬೆಂಗಳೂರಿಗೆ ಹೋಗಬೇಕು. ಹಾಗೆ ಹೋದವರಲ್ಲಿ ಬಹಳ ಮಂದಿ ಕುದುರೆ ಆರಿಸುವುದರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು, ತಾವು ಕೊಂಡ ಟಿಕೆಟಿಗೆ ಹಣ ಯಾವ ಲೆಕ್ಕದಲ್ಲಿ ಬರುತ್ತದೆಂಬುದನ್ನು ಕೇಳಿ ತಿಳಿಯುವುದಿಲ್ಲ. ಕುದುರೆ ಆರಿಸುವುದನ್ನು ಬರಹದಲ್ಲಿ ಕಲಿಸಲಾಗದು, ಲೆಕ್ಕವನ್ನು ಕಲಿಸಬಹುದು.

ಮೊದಲಿಗೆ ಕಾನೂನಿನ ಮಾತು. ಕುದುರೆ ಓಟವು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ನೀಡಿತು. ಆದರೆ ಇದರಿಂದ ಎಲ್ಲಿ ಬೇಕಾದರೂ ಯಾರ ಬಳಿ ಬೇಕಾದರೂ ಪಂತ ಕಟ್ಟಬಹುದೆಂದು ಅರ್ಥವಾಗುವುದಿಲ್ಲ. ಪರವಾನಗಿ ಪಡೆದ ಕ್ಲಬ್ಬು ಗೊತ್ತುಮಾಡಿದ ಜಾಗದಲ್ಲಿ, ಅದರ ಕಿಟಕಿಯಲ್ಲಿ ಅಥವಾ ಅದು ಒಪ್ಪಿದ ಬುಕ್ಕಿಯ ಬಳಿ ಕಟ್ಟಿದ ಪಂತಕ್ಕೆ ಮಾತ್ರ ರಕ್ಷಣೆಯಿದೆ. ಊರಿನಲ್ಲಿ ಕುಳಿತು ಫೋನಿನಲ್ಲಿ ಹೆಸರು ಹೇಳಿ, ಚೀಟಿಯೂ ಇಲ್ಲದೆ ಕಟ್ಟುವ ಪಂತವು ಕೋಳಿ ಅಂಕದ ಪಂತದಷ್ಟೇ ಅಪರಾಧ. ಗೆದ್ದರೂ ಹಣ ಕೇಳಲು ಹೋಗುವ ಬಾಗಿಲು ಇರುವುದಿಲ್ಲ.

ಆವರಣದೊಳಗೆ ಹೋದ ಮೇಲೆ ಕೊಳ್ಳಬೇಕಾದದ್ದು ಆ ದಿನದ ರೇಸ್ ಪುಸ್ತಕ. ಪ್ರತಿ ಓಟಕ್ಕೂ ಮೀಟರುಗಳಲ್ಲಿ ದೂರ, ಕುದುರೆಗಳ ಹೆಸರು, ಹೊರುವ ತೂಕ, ಜಾಕಿ, ತರಬೇತುದಾರ, ಹಿಂದಿನ ಓಟಗಳ ಫಲ ಇವೆಲ್ಲ ಅದರಲ್ಲಿರುತ್ತವೆ. ಹೊಸಬರು ಗಮನಿಸಬೇಕಾದದ್ದು ಎರಡು ಸಂಖ್ಯೆಗಳ ವ್ಯತ್ಯಾಸ. ಕುದುರೆಯ ಜೀನಿನ ಬಟ್ಟೆಯ ಮೇಲೆ ಕಾಣುವ ಸಂಖ್ಯೆ ಒಂದು. ಅದನ್ನು ಸಾಮಾನ್ಯವಾಗಿ ತೂಕದ ಕ್ರಮದಲ್ಲಿ ಕೊಡುತ್ತಾರೆ, ಹೆಚ್ಚು ತೂಕ ಹೊರುವ ಕುದುರೆ ಮೊದಲಿನದು. ಓಟ ಶುರುವಾಗುವಾಗ ಕುದುರೆ ಯಾವ ಗೇಟಿನಲ್ಲಿ ನಿಲ್ಲುತ್ತದೆಂಬ ಸಂಖ್ಯೆ ಇನ್ನೊಂದು. ಅದು ಚೀಟಿ ಎತ್ತಿ ಗೊತ್ತಾಗುವಂಥದ್ದು. ಟಿಕೆಟ್ ಕೊಳ್ಳುವಾಗ ಹೇಳಬೇಕಾದದ್ದು ಮೊದಲನೆಯದನ್ನು. ಗೇಟಿನ ಸಂಖ್ಯೆ ಹೇಳಿ ಬೇರೆಯೇ ಕುದುರೆಯ ಟಿಕೆಟ್ ಹಿಡಿದು ಬಂದರೆ, ಕಿಟಕಿಯಲ್ಲಿ ಕುಳಿತವರನ್ನು ದೂರಿ ಪ್ರಯೋಜನವಿಲ್ಲ.

ಬುಕ್ಕಿ ಮತ್ತು ಟೋಟ್

ಹಣ ಕಟ್ಟಲು ಎರಡು ದಾರಿಗಳಿವೆ: ದರ ಹೇಳಿ ಪಂತ ತೆಗೆದುಕೊಳ್ಳುವ ಬುಕ್ಕಿ ಒಂದು, ಎಲ್ಲರ ಹಣವನ್ನೂ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಕ್ಲಬ್ಬಿನ ಟೋಟ್ ಇನ್ನೊಂದು. ಇವೆರಡೂ ಸ್ವಭಾವದಲ್ಲಿಯೇ ಬೇರೆ ಬೇರೆ ಕರಾರುಗಳು. ಬುಕ್ಕಿಯ ಬಳಿ ಕಟ್ಟಿದರೆ ಎದುರಾಳಿ ಬುಕ್ಕಿಯೇ. ಅವನ ಹಲಗೆಯಲ್ಲಿ ಒಂದಕ್ಕೆ ಐದು ಎಂದಿರುವಾಗ 100 ರೂಪಾಯಿ ಕಟ್ಟಿದರೆ, ಗೆದ್ದಾಗ 500 ಲಾಭವೂ ಕಟ್ಟಿದ 100ವೂ ಸೇರಿ 600 ಬರಬೇಕು. ಆಮೇಲೆ ಹಲಗೆಯ ಮೇಲಿನ ದರ ಏರಲಿ ಇಳಿಯಲಿ, ಚೀಟಿಯಲ್ಲಿ ಬರೆದ ದರವೇ ದರ. ಎಲ್ಲರೂ ಗೆಲ್ಲುತ್ತದೆಂದು ನಂಬಿದ ಕುದುರೆಗೆ, ಅಂದರೆ ಫೇವರಿಟ್‌ಗೆ, ದರ ಸಮಕ್ಕಿಂತ ಕೆಳಗೂ ಇಳಿಯುತ್ತದೆ: 100 ಕಟ್ಟಿದರೆ 80 ಲಾಭ, ಕೆಲವೊಮ್ಮೆ 30.

ಬುಕ್ಕಿಯ ಲಾಭ ಎಲ್ಲಿಂದ ಬರುತ್ತದೆಂದು ನೋಡಲು ಹಲಗೆಯ ಎಲ್ಲ ದರಗಳನ್ನೂ ಶೇಕಡಾವಾರಿಗೆ, ಅಂದರೆ ಕಟ್ಟಿದ್ದು ಗೆದ್ದಾಗ ಬರುವ ಒಟ್ಟು ಮೊತ್ತದ ಶೇಕಡಾ ಎಷ್ಟೆಂಬುದಕ್ಕೆ, ತಿರುಗಿಸಬೇಕು. ಸಮ ದರವೆಂದರೆ (ಕಟ್ಟಿದಷ್ಟೇ ಲಾಭ) ಗೆಲ್ಲುವ ಸಾಧ್ಯತೆ ಶೇ 50; ಒಂದಕ್ಕೆ ಮೂರು ಎಂದರೆ ಶೇ 25; ಒಂದಕ್ಕೆ ನಾಲ್ಕು, ಶೇ 20; ಒಂದಕ್ಕೆ ಒಂಬತ್ತು, ಶೇ 10; ಒಂದಕ್ಕೆ ಹತ್ತೊಂಬತ್ತು, ಶೇ 5. ಆರು ಕುದುರೆಗಳ ಓಟದಲ್ಲಿ ಇವೇ ದರಗಳಿದ್ದು, ಒಂಬತ್ತರ ದರದ ಕುದುರೆಗಳು ಎರಡಿದ್ದರೆ, ಎಲ್ಲ ಕೂಡಿ 120 ಆಗುತ್ತದೆ. ಗೆಲ್ಲುವುದು ಒಂದೇ ಕುದುರೆಯಾದ್ದರಿಂದ ನಿಜವಾದ ಸಾಧ್ಯತೆಗಳ ಮೊತ್ತ 100ನ್ನು ಮೀರಲಾರದು. ಹೆಚ್ಚಿಗೆ ಕಂಡ 20 ಬುಕ್ಕಿಯ ಪಾಲು. ಈ ಮೊತ್ತ 100ಕ್ಕೆ ಹತ್ತಿರವಿದ್ದಷ್ಟೂ ಕಟ್ಟುವವನಿಗೆ ಒಳ್ಳೆಯದು. ಈ ಕೂಡಿಕೆಗೆ ಎರಡು ನಿಮಿಷ ಸಾಕು, ಆದರೂ ಮಾಡುವವರು ವಿರಳ.

ಟೋಟ್‌ನಲ್ಲಿ ಎದುರಾಳಿ ಕ್ಲಬ್ಬು ಅಲ್ಲ, ಉಳಿದ ಪ್ರೇಕ್ಷಕರು. ಒಂದು ಬಗೆಯ ಪಂತಕ್ಕೆ ಬಂದ ಹಣವೆಲ್ಲ ಒಂದು ಪೂಲ್‌ಗೆ ಸೇರುತ್ತದೆ. ಅದರಿಂದ ಕ್ಲಬ್ಬಿನ ಕಡಿತ ಮೊದಲು ಹೋಗುತ್ತದೆ. ಉಳಿದದ್ದನ್ನು ಗೆದ್ದ ಟಿಕೆಟುಗಳಿಗೆ ಹಂಚುತ್ತಾರೆ. 19ನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಜೋಸೆಫ್ ಓಲ್ಲೆರ್ ಈ ಪದ್ಧತಿಯನ್ನು ಹುಟ್ಟುಹಾಕಿದನು. ಇದರ ಲೆಕ್ಕ ಮಾಡುವ ಜಾರ್ಜ್ ಜೂಲಿಯಸ್‌ನ ಯಂತ್ರವು 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಬಂತು. ಇಂದು ಕಂಪ್ಯೂಟರ್ ಮಾಡುವುದೂ ಅದೇ ಭಾಗಾಕಾರವನ್ನು.

ಒಂದು ಲೆಕ್ಕ ನೋಡೋಣ. ಗೆಲುವಿನ ಪೂಲ್‌ಗೆ 2,00,000 ರೂಪಾಯಿ ಬಂದಿದೆ ಎನ್ನಿ. ಕಡಿತ ಶೇ 25 ಎಂದು ಹಿಡಿದರೆ, ಇದು ಲೆಕ್ಕದ ಸಲುವಾಗಿ ಮಾತ್ರ, ಹಂಚಲು ಉಳಿಯುವುದು 1,50,000. 4ನೆಯ ಸಂಖ್ಯೆಯ ಕುದುರೆಯ ಮೇಲೆ ಬಂದದ್ದು 40,000, ಅಂದರೆ ಹತ್ತು ರೂಪಾಯಿಯ 4,000 ಟಿಕೆಟುಗಳು. ಆ ಕುದುರೆ ಗೆದ್ದರೆ ಟಿಕೆಟಿಗೆ 37 ರೂಪಾಯಿ 50 ಪೈಸೆ. ಚಿಲ್ಲರೆ ಬಿಟ್ಟು 37 ಎಂದು ಡಿವಿಡೆಂಡ್, ಅಂದರೆ ಟಿಕೆಟಿಗೆ ಕೊಡುವ ಮೊತ್ತ, ಪ್ರಕಟವಾಗುತ್ತದೆ. ಕಟ್ಟಿದ 10 ಈ 37ರೊಳಗೇ ಸೇರಿದೆ, ನಿಜವಾದ ಲಾಭ 27. ಬುಕ್ಕಿಯ ದರದಲ್ಲಿ ಬಂಡವಾಳ ಸೇರಿರುವುದಿಲ್ಲ, ಟೋಟ್ ಡಿವಿಡೆಂಡ್‌ನಲ್ಲಿ ಸೇರಿರುತ್ತದೆ ಎಂಬ ಈ ಒಂದು ಭೇದ ತಿಳಿಯದೆ ಆಗುವ ಜಗಳಗಳಿಗೆ ಲೆಕ್ಕವಿಲ್ಲ. "ಎಂಥ ಮಾರಾಯ್ರೆ, ಹಲಗೆಯಲ್ಲಿ ಒಂದಕ್ಕೆ ಐದು ಇತ್ತು, ಕೊಟ್ಟದ್ದು ನೋಡಿದರೆ ಮೂವತ್ತೇಳು!" ಎಂದು ಕೂಗಾಡುವವರು ಬುಕ್ಕಿಯ ಹಲಗೆ ನೋಡಿ ಟೋಟ್ ಟಿಕೆಟ್ ಕೊಂಡವರು. ಅವರಿಗೆ ಮೋಸವಾಗಿಲ್ಲ, ನೋಡಿದ್ದು ಒಂದು ಕರಾರು, ಕೊಂಡದ್ದು ಇನ್ನೊಂದು.

ಟೋಟ್ ಪರದೆಯ ಮೇಲೆ ತೋರಿಸುವ ಮೊತ್ತವು ಆ ಕ್ಷಣದ ಅಂದಾಜು ಮಾತ್ರ. ಮೇಲಿನ ಉದಾಹರಣೆಯಲ್ಲಿಯೇ, ಕೊನೆಯ ನಿಮಿಷದಲ್ಲಿ ಅದೇ ಕುದುರೆಯ ಮೇಲೆ ಇನ್ನೂ 20,000 ಬಂದಿತೆಂದು ಇಟ್ಟುಕೊಳ್ಳಿ. ಪೂಲ್ 2,20,000, ಹಂಚಲು 1,65,000, ಟಿಕೆಟುಗಳು 6,000; ಡಿವಿಡೆಂಡ್ 27ಕ್ಕೆ ಇಳಿಯಿತು. ನೀವು ಅರ್ಧ ಗಂಟೆ ಮೊದಲೇ ಕೊಂಡಿದ್ದರೂ ಸಿಗುವುದು 27 ರೂಪಾಯಿಯೇ ಸರಿ. ಚಿಕ್ಕ ಪೂಲ್‌ಗಳಲ್ಲಿ ಈ ಏರಿಳಿತ ಇನ್ನೂ ತೀವ್ರ.

ಪಂತದ ಬಗೆಗಳು

ಗೆಲುವು ಮತ್ತು ಪ್ಲೇಸ್ ಎಂಬ ಎರಡೇ ಹೊಸಬರಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಪ್ಲೇಸ್ ಟಿಕೆಟಿಗೆ ಕುದುರೆ ಮೊದಲ ಎರಡು ಅಥವಾ ಮೂರು ಸ್ಥಾನಗಳೊಳಗೆ ಬಂದರೆ ಹಣ ಸಿಗುತ್ತದೆ; ಎಷ್ಟು ಸ್ಥಾನಗಳೆಂಬುದು ಓಡುವ ಕುದುರೆಗಳ ಸಂಖ್ಯೆಯ ಮೇಲೆ ಹೋಗುತ್ತದೆ, ಕಡಿಮೆ ಕುದುರೆಗಳಿದ್ದರೆ ಕಡಿಮೆ ಸ್ಥಾನ. ಹಂಚುವ ಹಣ ಹಲವು ಕುದುರೆಗಳ ಟಿಕೆಟುಗಳಿಗೆ ಹರಿದು ಹೋಗುವುದರಿಂದ ಫೇವರಿಟ್‌ನ ಪ್ಲೇಸ್ ಟಿಕೆಟಿಗೆ ಕಟ್ಟಿದ್ದಕ್ಕಿಂತ ಒಂದೆರಡು ರೂಪಾಯಿ ಹೆಚ್ಚು ಸಿಕ್ಕರೆ ಅದೇ ದೊಡ್ಡದು. ಕುದುರೆ ಸರಿಯಾಗಿ ಎರಡನೆಯದಾಗಿಯೇ ಬರಬೇಕೆನ್ನುವ ಎಸ್‌ಎಚ್‌ಪಿ, ಮೂರನೆಯದಾಗಿಯೇ ಬರಬೇಕೆನ್ನುವ ಟಿಎಚ್‌ಪಿ ಎಂಬ ಪೂಲ್‌ಗಳೂ ನಮ್ಮ ದೇಶದ ಕ್ಲಬ್ಬುಗಳಲ್ಲಿವೆ. ಎಸ್‌ಎಚ್‌ಪಿ ಟಿಕೆಟಿನ ಕುದುರೆ ಗೆದ್ದುಬಿಟ್ಟರೆ ಆ ಟಿಕೆಟಿಗೆ ಬೆಲೆಯಿಲ್ಲ.

ಉಳಿದವು ಕುದುರೆಗಳ ಜೋಡಣೆಯ ಮೇಲೆ ನಿಂತ ಪಂತಗಳು. ಮೊದಲ ಎರಡು ಕುದುರೆಗಳನ್ನು ಕ್ರಮವಾಗಿ ಹೇಳುವುದು ಫೋರ್‌ಕಾಸ್ಟ್, ಕ್ರಮ ಹೇಗಿದ್ದರೂ ನಡೆಯುವುದು ಕ್ವಿನೆಲ್ಲಾ. ಮೂರನ್ನು ಕ್ರಮವಾಗಿ ಹೇಳುವ ಟ್ರಿನೆಲ್ಲಾದಂಥವೂ ಇವೆ, ಹೆಸರುಗಳು ಮಾತ್ರ ಕ್ಲಬ್ಬಿನಿಂದ ಕ್ಲಬ್ಬಿಗೆ ಬದಲಾಗುತ್ತವೆ. ಎಂಟು ಕುದುರೆಗಳ ಓಟದಲ್ಲಿ ಕ್ವಿನೆಲ್ಲಾಕ್ಕೆ 28 ಸಾಧ್ಯತೆಗಳು, ಫೋರ್‌ಕಾಸ್ಟ್‌ಗೆ 56, ಮೂರರ ಕ್ರಮಕ್ಕೆ 336, ನಾಲ್ಕರ ಕ್ರಮಕ್ಕೆ 1,680. ದೊಡ್ಡ ಡಿವಿಡೆಂಡ್ ಕಂಡು ಆಸೆಪಡುವ ಮೊದಲು ಈ ಸಂಖ್ಯೆಗಳನ್ನು ಕಣ್ಣ ಮುಂದಿಟ್ಟುಕೊಳ್ಳಬೇಕು.

ಜಾಕ್‌ಪಾಟ್ ಎಂದರೆ ಗೊತ್ತುಮಾಡಿದ ಐದು ಓಟಗಳ ಗೆಲುವಿನ ಕುದುರೆಗಳನ್ನು ಮೊದಲನೆಯ ಓಟಕ್ಕೆ ಮುಂಚೆಯೇ ಹೇಳುವುದು. ಮೂರು ಓಟಗಳದ್ದು ಟ್ರೆಬಲ್. ಒಂದೊಂದು ಓಟಕ್ಕೆ ಒಂದಕ್ಕಿಂತ ಹೆಚ್ಚು ಕುದುರೆಗಳನ್ನು ಹಾಕಬಹುದಾದರೂ ಖರ್ಚು ಕೂಡಿಕೆಯಲ್ಲಿ ಅಲ್ಲ, ಗುಣಾಕಾರದಲ್ಲಿ ಬೆಳೆಯುತ್ತದೆ. ಕ್ರಮವಾಗಿ ಒಂದು, ಎರಡು, ಮೂರು, ಎರಡು, ಎರಡು ಕುದುರೆಗಳನ್ನು ಹಾಕಿದರೆ 24 ಜೋಡಣೆಗಳು, ಜೋಡಣೆಗೆ 10 ರೂಪಾಯಿಯಂತೆ 240. ಮೊದಲ ಓಟಕ್ಕೆ ಧೈರ್ಯ ಸಾಲದೆ ಇನ್ನೊಂದೇ ಒಂದು ಕುದುರೆ ಸೇರಿಸಿದರೆ 480.

ಫಲಿತಾಂಶ ಯಾವಾಗ ಖಚಿತ

ಕುದುರೆ ಗೆಲುವಿನ ಕಂಬ ದಾಟಿದ ಕೂಡಲೇ ಪಂತ ತೀರುವುದಿಲ್ಲ. ಅಂತರ ಕಡಿಮೆಯಿದ್ದರೆ ಕಂಬದ ನೇರಕ್ಕಿರುವ ಕ್ಯಾಮೆರಾದ ಚಿತ್ರ ನೋಡಿ ತೀರ್ಮಾನಿಸುತ್ತಾರೆ. ಜಾಕಿಗಳು ಜೀನಿನ ಸಹಿತ ಮತ್ತೆ ತಕ್ಕಡಿಯ ಮೇಲೆ ನಿಲ್ಲಬೇಕು. ಓಟಕ್ಕೆ ಮುಂಚಿನ ತೂಕಕ್ಕೆ ಹೋಲಿಸಿದಾಗ ನಿಯಮ ಮೀರಿದ ಕೊರತೆ ಕಂಡರೆ ಕುದುರೆ ಸ್ಥಾನ ಕಳೆದುಕೊಳ್ಳುತ್ತದೆ. ಒಂದು ಕುದುರೆ ಇನ್ನೊಂದರ ದಾರಿಗೆ ಅಡ್ಡ ಬಂದಿತೆಂದು ಆಕ್ಷೇಪ ಬಂದರೆ, ಓಟದ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ವಿಡಿಯೊ ನೋಡಿ, ಜಾಕಿಗಳನ್ನು ವಿಚಾರಿಸಿ ಸ್ಥಾನಗಳನ್ನು ಅದಲು ಬದಲು ಮಾಡಬಹುದು. ಇವೆಲ್ಲ ಮುಗಿದು ಆಲ್ ಕ್ಲಿಯರ್ ಎಂದು ಸಾರಿದ ಮೇಲೆಯೇ ಹಣ ಕೊಡುವುದು ಆರಂಭವಾಗುತ್ತದೆ. ಸೋತೆವೆಂದು ಟಿಕೆಟ್ ಹರಿದು ಎಸೆದ ಮೇಲೆ ಸ್ಥಾನ ಬದಲಾದರೆ ನೆಲದ ಮೇಲೆ ಚೂರುಗಳನ್ನು ಹುಡುಕುವ ಪ್ರಸಂಗ ಬರುತ್ತದೆ, ಆದ್ದರಿಂದ ಆ ಸಾರುವಿಕೆಯವರೆಗೆ ಟಿಕೆಟ್ ಜೇಬಿನಲ್ಲಿಯೇ ಇರಲಿ. ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು: ಆಲ್ ಕ್ಲಿಯರ್ ಆದ ಮೇಲೆ, ವಾರಗಳ ನಂತರ ಮದ್ದಿನ ಪರೀಕ್ಷೆಯಲ್ಲಿ ಕುದುರೆ ಸಿಕ್ಕಿಬಿದ್ದು ಬಹುಮಾನ ಕಳೆದುಕೊಂಡರೂ ತೀರಿದ ಪಂತಗಳ ಲೆಕ್ಕ ಬದಲಾಗುವುದಿಲ್ಲ.

ಎರಡು ಕುದುರೆಗಳು ಸಮನಾಗಿ ಬಂದವೆಂದು ತೀರ್ಮಾನವಾದರೆ ಬುಕ್ಕಿಯು ಕಟ್ಟಿದ ಹಣದ ಅರ್ಧವನ್ನು ಗೆದ್ದದ್ದಾಗಿಯೂ ಉಳಿದರ್ಧವನ್ನು ಸೋತದ್ದಾಗಿಯೂ ಎಣಿಸುವುದು ರೂಢಿ. ಒಂದಕ್ಕೆ ಮೂರರ ದರದಲ್ಲಿ 100 ಕಟ್ಟಿದ್ದರೆ 50ಕ್ಕೆ 150 ಲಾಭ, ಬಂಡವಾಳದ 50 ಸೇರಿ 200. ಟೋಟ್‌ನಲ್ಲಿ ಹಣವನ್ನು ಎರಡು ಪಾಲು ಮಾಡಿ ಎರಡು ಕುದುರೆಗಳಿಗೂ ಬೇರೆ ಬೇರೆ ಡಿವಿಡೆಂಡ್ ಪ್ರಕಟಿಸುತ್ತಾರೆ. ಕುದುರೆ ಓಡದೆಯೇ ಹಿಂದೆ ಸರಿದರೆ ಗೆಲುವು ಮತ್ತು ಪ್ಲೇಸ್ ಟಿಕೆಟಿನ ಹಣ ವಾಪಸು; ಜಾಕ್‌ಪಾಟ್, ಟ್ರೆಬಲ್‌ಗಳಿಗೆ ಬೇರೆ ನಿಯಮವಿರಬಹುದಾದ್ದರಿಂದ ಕೊಳ್ಳುವಾಗಲೇ ಕೇಳಿಕೊಳ್ಳುವುದು ಮೇಲು.

ತೆರಿಗೆ

ಇಷ್ಟು ಲೆಕ್ಕವನ್ನೂ ತಲೆಕೆಳಗು ಮಾಡುವ ಶಕ್ತಿ ತೆರಿಗೆಗಿದೆ. 2023ರ ಅಕ್ಟೋಬರ್ 1ರಿಂದ ಪಂತದ ಪೂರ್ಣ ಮುಖಬೆಲೆಯ ಮೇಲೆ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ತೆರಿಗೆಯನ್ನು ಪಂತದ ಮೇಲೆ ಸೇರಿಸಿ ಪಡೆಯುವಲ್ಲಿ 100 ರೂಪಾಯಿಯ ಪಂತಕ್ಕೆ ಕೈಯಿಂದ ಹೋಗುವುದು 140. ಒಂದಕ್ಕೆ ಮೂರರ ಕುದುರೆ ಗೆದ್ದರೆ ಬರುವುದು 400, ಲಾಭ 300 ಅಲ್ಲ, 260. ಸಮ ದರದ ಕುದುರೆ ಗೆದ್ದರೆ 200 ಬಂದು ಲಾಭ 60ಕ್ಕೆ ನಿಲ್ಲುತ್ತದೆ. 100ಕ್ಕೆ 40ರ ಫೇವರಿಟ್ ಗೆದ್ದರೆ ಕೊಟ್ಟ 140 ಹಾಗೆಯೇ ವಾಪಸು ಬರುತ್ತದೆ, ಅದಕ್ಕಿಂತ ಕೆಳಗಿನ ದರದಲ್ಲಿ ಕುದುರೆ ಗೆದ್ದರೂ ಕೈಯಿಂದ ಹಣ ಹೋಗುತ್ತದೆ. 100ಕ್ಕೆ 30ರ ಕುದುರೆಯನ್ನು ಭದ್ರವೆಂದು ನಂಬಿ ಕಟ್ಟುವವರು ಗೆದ್ದ ದಿನವೂ 10 ರೂಪಾಯಿ ಕಳೆದುಕೊಂಡು ಬರುತ್ತಾರೆ.

ಗೆದ್ದ ಮೊತ್ತ 10,000 ರೂಪಾಯಿ ಮೀರಿದರೆ ಹಣ ಕೊಡುವಾಗಲೇ ಶೇ 30 ಆದಾಯ ತೆರಿಗೆ ಮುರಿದುಕೊಳ್ಳುತ್ತಾರೆ. ಪ್ಯಾನ್ ಸಂಖ್ಯೆ ಕೊಟ್ಟು ರಸೀದಿ ಪಡೆದಿರಬೇಕು. ಆ ಮಿತಿಗಿಂತ ಕಡಿಮೆ ಗೆದ್ದದ್ದಕ್ಕೆ ತೆರಿಗೆ ಮುರಿಯದಿದ್ದರೂ ಅದು ರಿಟರ್ನ್‌ನಲ್ಲಿ ತೋರಿಸಬೇಕಾದ ಆದಾಯವೇ, ದರವೂ ಅದೇ ಶೇ 30. ಹತ್ತು ಓಟಗಳಲ್ಲಿ ಸೋತು ಒಂದರಲ್ಲಿ ಗೆದ್ದಿದ್ದರೆ, ಆ ಸೋಲುಗಳನ್ನಾಗಲಿ, ಮೈಸೂರಿಗೆ ಹೋಗಿಬಂದ ಬಸ್ಸಿನ ಖರ್ಚನ್ನಾಗಲಿ ಗೆಲುವಿನಿಂದ ಕಳೆಯಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುವುದಿಲ್ಲ.