ಹಳಿಯ ಪಕ್ಕದ ಬೇಚರಾಕ್ ಊರುಗಳು

ನಮ್ಮಪ್ಪ ನವಲಗುಂದ ತಾಲೂಕಿನಲ್ಲಿ ತಲಾಠಿ ಆಗಿದ್ದರು. ಅವರ ದಫ್ತರದಲ್ಲಿ ಕೆಲವು ಹಳ್ಳಿಗಳ ಹೆಸರಿನ ಪಕ್ಕ ‘ಬೇಚರಾಕ್’ ಎಂದು ಬರೆದಿರುತ್ತಿತ್ತು. ಸರ್ವೆ ನಂಬರು ಇದೆ, ಗಡಿ ಇದೆ, ಹೊಲಗಳಿಗೆ ಕಂದಾಯವೂ ಇದೆ, ಆದರೆ ಮನೆ ಒಂದೂ ಇಲ್ಲ. ಫಾರಸಿಯ ‘ಬೇಚಿರಾಗ್’ ಅದು, ದೀಪ ಹಚ್ಚುವವರಿಲ್ಲದ ಊರು ಅಂತ ಅಪ್ಪ ಅರ್ಥ ಹೇಳಿದ್ದರು. ಅಂಥ ಹಾಳೂರಿಗೆ ನನ್ನನ್ನೂ ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಬೇವಿನ ಮರ, ಹಾಳುಬಾವಿ, ಕಾಲಿಗೆ ತಾಗುವ ಗಡಿಗೆಯ ಚೂರು, ಒಂದು ಹನುಮಪ್ಪನ ಗುಡಿ. ‘ಮನಿ ಎಲ್ಲಿದ್ದುವು ಹೇಳು ನೋಡೋಣ’ ಅಂತ ನನ್ನನ್ನೇ ಕೇಳುತ್ತಿದ್ದರು.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಿಜೈನಾ ನಗರಕ್ಕೆ ಬಂದು ನೆಲೆಸಿದ ಮೇಲೆ ಏಳು ಬೇಸಿಗೆಗಳಿಂದ ಅದನ್ನೇ ಮಾಡುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಬರುವುದು ರಾತ್ರಿಗೇ. ಜೂನ್‌ನಲ್ಲಿ ಇಲ್ಲಿ ಒಂಬತ್ತು ಗಂಟೆಗೂ ಬಿಸಿಲಿರುತ್ತದೆ. ಆ ಕೊನೆಯ ಒಂದು ತಾಸಿನ ಓರೆ ಬೆಳಕಿನಲ್ಲಿ ಹುಲ್ಲಿನ ಕೆಳಗಿನ ತಗ್ಗುಗಳೆಲ್ಲ ನೆರಳಾಗಿ ಮೇಲೆದ್ದು ಕಾಣುತ್ತವೆ. ಹಾಳೂರು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಮೊದಲ ವರ್ಷ ಗುರಿಯಿಲ್ಲದೆ ಸುತ್ತಿದೆ. ಎರಡನೇ ವರ್ಷ ಒಂದು ಹಳಿ ಹಿಡಿದೆ. ಗ್ರಾಂಡ್ ಟ್ರಂಕ್ ಪೆಸಿಫಿಕ್ ಎಂಬ ರೈಲು ಕಂಪನಿ 1908ರ ಸುಮಾರಿಗೆ ಈ ಬಯಲಿನಲ್ಲಿ ಹಳಿ ಹಾಕುತ್ತ ಬಂದಾಗ, ನಿಲ್ದಾಣಗಳಿಗೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹೆಸರಿಟ್ಟಿತು. ಫೆನ್‌ವುಡ್, ಗುಡೀವ್, ಹಬರ್ಡ್, ಇಟುನಾ, ಜಾಸ್ಮಿನ್, ಕೆಲಿಹರ್, ಲೆರಾಸ್. ಮುಂದೆ ಪನಿಚಿ, ಕ್ವಿಂಟನ್, ರೇಮೋರ್, ಸೀಮನ್ಸ್, ಟೇಟ್. ಕೊನೆಗೆ ವೆನ್, ವಾಟ್ರಸ್, ಜ಼ೀನಾ (Xena), ಯಂಗ್, ಜ಼ೆಲ್ಮಾ. ಅಲ್ಲಿಗೆ ಅಕ್ಷರ ಮುಗಿದವೆಂದು ಮತ್ತೆ ಮೊದಲಿನಿಂದ ಅಲನ್, ಬ್ರಾಡ್‌ವೆಲ್, ಕ್ಲಾವೆಟ್. ನಡುವೆ ಕ್ರಮ ತಪ್ಪಿಸುವ ಮೆಲ್‌ವಿಲ್ ಪಟ್ಟಣಕ್ಕೆ ಕಂಪನಿಯ ಅಧ್ಯಕ್ಷ ಚಾರ್ಲ್ಸ್ ಮೆಲ್‌ವಿಲ್ ಹೇಸ್‌ನ ಹೆಸರು. ಆತ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದ. ಕಂಪನಿಯೂ ಹೆಚ್ಚು ಕಾಲ ಬಾಳಲಿಲ್ಲ, ಸರ್ಕಾರಿ ರೈಲ್ವೆಯಲ್ಲಿ ಸೇರಿಹೋಯಿತು. ಊರುಗಳ ಹೆಸರು ಮಾತ್ರ ಹಾಗೇ ಉಳಿದವು.

ಊರುಗಳು ಹತ್ತು, ಹನ್ನೆರಡು ಕಿಲೋಮೀಟರಿಗೆ ಒಂದರಂತೆ ಇರುವುದಕ್ಕೆ ಕಾರಣ ಕುದುರೆ. ರೈತ ಗೋಧಿಯ ಬಂಡಿ ಹೂಡಿಕೊಂಡು ಹೊರಟರೆ, ಕಾಳು ಮಾರಿ ಅದೇ ದಿನ ಮನೆಗೆ ಮರಳಬೇಕಿತ್ತು. ಉಗಿಬಂಡಿಗೂ ದಾರಿಯುದ್ದ ನೀರು ಬೇಕಿತ್ತು. ಲಾರಿ ಬಂತು, ರಸ್ತೆ ಸುಧಾರಿಸಿತು, 1960ರ ಹೊತ್ತಿಗೆ ಉಗಿಬಂಡಿ ಹೋಗಿ ಡೀಸೆಲ್ ಇಂಜಿನ್ನೇ ಉಳಿಯಿತು. ನಡುವಿನ ಊರುಗಳಲ್ಲಿ ಯಾರೂ ನಿಲ್ಲಬೇಕಾದ ಅಗತ್ಯವೇ ಉಳಿಯಲಿಲ್ಲ. ದಕ್ಷಿಣದ 13ನೇ ಹೆದ್ದಾರಿಯ ಗೋವನ್‌ಲಾಕ್, ರಾಬ್ಸಾರ್ಟ್ ಕಡೆಯ ಹಾಳೂರುಗಳಿಗೂ ಹೋಗಿದ್ದೇನೆ, ಫೋಟೋಗೆ ಅವೇ ಚೆಂದ. ಆದರೆ ನನ್ನನ್ನು ಮತ್ತೆ ಮತ್ತೆ ಕರೆಯುವುದು ಈ ವರ್ಣಮಾಲೆಯ ಹಳಿ. ಇಲ್ಲಿ ರೈಲು ಇಂದಿಗೂ ಓಡುತ್ತದೆ, ಸಸ್ಕಟೂನ್ ಕಡೆ ಹೋಗುವ ಮುಖ್ಯ ಮಾರ್ಗವೇ ಇದು. ಎರಡು ಮೂರು ಕಿಲೋಮೀಟರ್ ಉದ್ದದ ಗೂಡ್ಸ್ ಗಾಡಿ ಊರಿನ ಎದೆಯ ಮೇಲೆಯೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ.

ರಸ್ತೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 1872ರ ಕಾಯ್ದೆಯಂತೆ 10 ಡಾಲರ್ ಶುಲ್ಕಕ್ಕೆ 160 ಎಕರೆ ಹಂಚುವುದಕ್ಕೆಂದು ಇಡೀ ಬಯಲನ್ನು ಒಂದೊಂದು ಮೈಲಿಯ ಚೌಕಗಳಾಗಿ ಅಳೆದಿದ್ದಾರೆ. ತೆಂಕು ಬಡಗು ರಸ್ತೆಗೆ ಪ್ರತಿ ಮೈಲಿಗೊಂದು ಜಾಗ, ಮೂಡು ಪಡು ರಸ್ತೆಗೆ ಎರಡು ಮೈಲಿಗೊಂದು. ರಸ್ತೆಗೆ ಬಿಟ್ಟ ಅಗಲ 66 ಅಡಿ, ಅಂದರೆ ಅಪ್ಪನ 33 ಅಡಿ ಸರಪಳಿಯಲ್ಲಿ ಸರಿಯಾಗಿ ಎರಡು ಸರಪಳಿ! ಇದು ತಿಳಿದ ದಿನ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರು ಅರ್ಧ ಗಂಟೆ ಈ ದೇಶದ ಮೋಜಣಿಯ ಬಗ್ಗೆಯೇ ಕೇಳುತ್ತಿದ್ದರು. ಭೂಮಿ ಗುಂಡಗಿದೆಯಲ್ಲ, ಉತ್ತರಕ್ಕೆ ಹೋದಂತೆ ರೇಖೆಗಳು ಹತ್ತಿರ ಬರುತ್ತವೆ. ಅದನ್ನು ಸರಿಪಡಿಸಲು ಅಲ್ಲಲ್ಲಿ ರಸ್ತೆ ಥಟ್ಟನೆ ಪಕ್ಕಕ್ಕೆ ಸರಿಯುತ್ತದೆ. ಹತ್ತಾರು ಮೈಲಿ ನೇರ ಓಡಿಸಿ ಕೈ ಸಡಿಲವಾದಾಗ ಆ ತಿರುವು ಎದುರಾದರೆ ಗಾಡಿ ಗಟಾರಕ್ಕೇ. ಜಲ್ಲಿ ರಸ್ತೆಯಲ್ಲಿ ನಾನು ಗಂಟೆಗೆ 70 ಕಿಲೋಮೀಟರ್ ದಾಟುವುದಿಲ್ಲ. ಎದುರು ಲಾರಿ ಬಂದರೆ ವೇಗ ಇಳಿಸಿ ಬಲಕ್ಕೆ ಸರಿಯುತ್ತೇನೆ, ಇಲ್ಲವಾದರೆ ಗಾಜಿಗೆ ಕಲ್ಲು ಬಡಿಯುತ್ತದೆ. ಎದುರಿನವರು ಸ್ಟೀರಿಂಗ್ ಮೇಲಿನ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ತಿರುಗಿ ಎತ್ತುವುದನ್ನು ಮರೆಯಬೇಡಿ.

ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ಅದು ರಸ್ತೆಯಲ್ಲ. ಇದನ್ನು ಕಲಿತದ್ದು ಮೂರನೇ ವರ್ಷ, ರಿಜೈನಾದ ದಕ್ಷಿಣಕ್ಕೆ. ಫೋನು ತೋರಿಸಿದ ಅಡ್ಡದಾರಿ ಹಿಡಿದೆ, ಹದಿನೈದು ನಿಮಿಷ ಮಳೆ ಬಂತು, ಅಷ್ಟೇ. ಜಲ್ಲಿಯೇ ಇಲ್ಲದ ಮಣ್ಣುದಾರಿ ಅದು. ಇಲ್ಲಿಯ ಜನ ಗಂಬೋ ಅನ್ನುವ ಆ ಮಣ್ಣು ನಮ್ಮ ನವಲಗುಂದದ ಎರೆಮಣ್ಣಿನ ಸ್ವಂತ ಅಣ್ಣತಮ್ಮ. ಒಣಗಿದಾಗ ಕೈ ತೂರುವಷ್ಟು ಬಿರುಕು, ನೆನೆದಾಗ ಅಂಟು. ಚಕ್ರದ ಗೂಡಿನೊಳಗೆ ಮಣ್ಣು ತುಂಬಿಕೊಂಡು ಚಕ್ರ ತಿರುಗುವುದೇ ನಿಂತಿತು. ಮಳೆಯಾದ ಮೇಲೆ ಎರಿಹೊಲಕ್ಕೆ ಚಕ್ಕಡಿ ಇಳಿಸಬಾರದೆಂದು ಹುಟ್ಟಿದಾಗಿನಿಂದ ಬಲ್ಲವನು ನಾನು, ಪರದೇಶದ ಮಣ್ಣಿಗೂ ಅದೇ ಗುಣವಿರುತ್ತದೆಂದು ಹೊಳೆದಿರಲಿಲ್ಲ. ಎರಡು ಮೈಲಿ ನಡೆದು ಒಂದು ಮನೆಯ ಬಾಗಿಲು ಬಡಿದೆ. ಎಪ್ಪತ್ತು ದಾಟಿದ ರೈತರೊಬ್ಬರು ಟ್ರ್ಯಾಕ್ಟರ್ ತಂದು ಎಳೆದರು, ಹಣ ಮುಟ್ಟಲಿಲ್ಲ. ಅಂದಿನಿಂದ ಮೋಡ ಕಂಡರೆ ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ. ಟ್ಯಾಂಕ್ ಅರ್ಧಕ್ಕೆ ಬಂದರೆ ತುಂಬಿಸುತ್ತೇನೆ. ಪೂರ್ಣ ಅಳತೆಯ ಸ್ಟೆಪ್ನಿ, ಹತ್ತು ಲೀಟರ್ ನೀರು, ಕಾಗದದ ನಕ್ಷೆ ಗಾಡಿಯಲ್ಲೇ ಇರುತ್ತವೆ. ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲವಾದ್ದರಿಂದ ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಹೊರಡುತ್ತೇನೆ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವುದಿಲ್ಲ, ಬಿಸಿ ಸೈಲೆನ್ಸರಿನಿಂದ ಬೆಂಕಿ ಹತ್ತುತ್ತದೆ.

ಇನ್ನು ಊರು ಓದುವ ಬಗೆ. ಮೊದಲು ಹಳಿ ಹುಡುಕಿ. ಹಳಿಗೆ ಸಮಾನಾಂತರವಾಗಿ ಒಂದು ಬೀದಿ, ಅದಕ್ಕೆ ಅಡ್ಡಲಾಗಿ ಪೇಟೆಬೀದಿ, ಹಳಿಯ ಮಗ್ಗುಲಿಗೆ ಕಾಳಿನ ಎಲಿವೇಟರ್. ಬಹುತೇಕ ಊರುಗಳದ್ದು ಇದೇ ನಕ್ಷೆ. ಎಲಿವೇಟರ್ ಅಂದರೆ ಹಗೇವನ್ನು ನೆಲದಿಂದ ಕಿತ್ತು ಆಕಾಶಕ್ಕೆ ನಿಲ್ಲಿಸಿದ ಹಾಗೆ. ಹಲಗೆಗಳನ್ನು ಅಡ್ಡಡ್ಡ ಮಲಗಿಸಿ ಒಂದರ ಮೇಲೊಂದು ಮೊಳೆ ಹೊಡೆದು ಕಟ್ಟಿದ ಗೋಡೆ, ಒಳಗೆ ಬಟ್ಟಲು ಕಟ್ಟಿದ ಪಟ್ಟಿ ತಿರುಗುತ್ತ ಕಾಳನ್ನು ಮೇಲೆತ್ತಿ ಕಣಜಕ್ಕೆ ಸುರಿಯುತ್ತದೆ. 1930ರ ದಶಕದಲ್ಲಿ ಈ ಬಯಲುಸೀಮೆಯಲ್ಲಿ 5,700ಕ್ಕೂ ಹೆಚ್ಚು ಇದ್ದವು. ಈಗ ಮರದವು ಕೆಲವು ನೂರು ಉಳಿದಿರಬಹುದು. 1895ರಲ್ಲಿ ಕಟ್ಟಿದ ಫ್ಲೆಮಿಂಗ್ ಊರಿನದನ್ನು ಅಷ್ಟು ಕಷ್ಟಪಟ್ಟು ಕಾಪಾಡುತ್ತಿದ್ದರು, 2010ರಲ್ಲಿ ಯಾರೋ ಬೆಂಕಿಯಿಟ್ಟರು. ನಾನು ಈ ದೇಶಕ್ಕೆ ಬರುವ ಮೊದಲೇ ಹೋದ ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಟ್ಟಡವೇ ಉಳಿಯದ ಕಡೆ ಗಿಡ ನೋಡಬೇಕು. ಇದನ್ನು ನನಗೆ ತೋರಿಸಿದ್ದು ಅವ್ವ. ಎರಡು ವರ್ಷದ ಹಿಂದೆ ಬೇಸಿಗೆಗೆ ಬಂದಿದ್ದಳು. ‘ಮಲ್ಲಿಗಿ ಅಂತ ಹೆಸರಿಟ್ಟ ಊರು ಐತೇನು’ ಎಂದು ಜಾಸ್ಮಿನ್ ನೋಡಲು ತಾನೇ ಹಟ ಹಿಡಿದಳು. ಮಲ್ಲಿಗೆ ಈ ಚಳಿಯಲ್ಲಿ ಎಲ್ಲಿಂದ ಬೆಳೆಯಬೇಕು! ಹೋದರೆ ಹುಲ್ಲು, ಹಳಿ, ಗಾಳಿ. ನಾನು ವಾಪಸ್ ಗಾಡಿಗೆ ಹೊರಟಾಗ ಅವ್ವ ಒಂದು ಪೊದೆಯ ಸಾಲಿನ ಮುಂದೆ ನಿಂತಿದ್ದಳು.

‘ಇಲ್ಲಿ ಮನಿ ಇತ್ತೋ ತಮ್ಮಾ. ನೋಡು, ಗಿಡ ಸಾಲು ಹಿಡದು ನಿಂತಾವ. ತಾವಾಗೇ ಹುಟ್ಟಿದ್ದಲ್ಲ ಇವು, ಯಾರೋ ಹಚ್ಚ್ಯಾರ.’

ಗಾಳಿ ತಡೆಯಲೆಂದು ಹಿಂದಿನವರು ಮನೆಯ ಸುತ್ತ ನೆಡುತ್ತಿದ್ದ ಕ್ಯಾರಗಾನ ಎಂಬ ಪೊದೆ ಅದು. ಅದರ ಒಳಮಗ್ಗುಲಿಗೆ ಲೈಲಾಕ್ ಹೂಬಿಟ್ಟಿತ್ತು. ಇನ್ನೂ ನಾಲ್ಕು ಹೆಜ್ಜೆಗೆ ರೂಬಾರ್ಬ್, ಅಡುಗೆಮನೆಯ ಹಿಂದೆ ಹಚ್ಚುವ ಹುಳಿದಂಟು. ಮೂರೂ ಕೂಡಿದ ಕಡೆ ತಗ್ಗು ಹುಡುಕಿದರೆ ನೆಲಮಾಳಿಗೆ ಸಿಕ್ಕೇ ಸಿಗುತ್ತದೆ. ಕೋಲಿನಿಂದ ನೆಲ ತಟ್ಟಿ ತಟ್ಟಿ ನಡೆಯಿರಿ, ಹಳೇ ಬಾವಿಗಳ ಮೇಲೆ ಹುಲ್ಲು ಮುಚ್ಚಿರುತ್ತದೆ. ಅವ್ವ ಆ ತಗ್ಗಿನ ಅಂಚಿಗೆ ಹೋಗಿ, ಬುತ್ತಿಯಿಂದ ರೊಟ್ಟಿಯ ಒಂದು ತುಣುಕು ಮುರಿದು ಹುಲ್ಲಿನ ಮೇಲೆ ಇಟ್ಟು ಬಂದಳು. ಯಾಕೆಂದು ನಾನು ಕೇಳಲಿಲ್ಲ.

ಮನೆಗಳ ಒಳಗೆ ನಾನು ಹೋಗುವುದಿಲ್ಲ. ಬಾಗಿಲು ತೆರೆದಿದ್ದರೂ ಇಲ್ಲ. ನೆಲದ ಹಲಗೆ ಕೊಳೆತಿರುತ್ತದೆ, ಇಲಿಯ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ತಗಲುವ ಅಪಾಯ ನಿಜವಾದದ್ದು. ಅದಕ್ಕಿಂತ ಮುಖ್ಯವಾಗಿ, ಆ ಮನೆ ಯಾರದೋ ಸ್ವತ್ತು. 2022ರ ಜನವರಿಯಿಂದ ಸಸ್ಕಾಚೆವಾನ್‌ನಲ್ಲಿ ಹಳ್ಳಿಗಾಡಿನ ಖಾಸಗಿ ಜಮೀನಿಗೆ ಕಾಲಿಡಲು ಮೊದಲೇ ಒಪ್ಪಿಗೆ ಪಡೆಯಬೇಕೆಂಬ ಕಾನೂನು ಇದೆ. ಗ್ರಾಮೀಣ ಪುರಸಭೆಯ ಕಚೇರಿಯಲ್ಲಿ ಜಮೀನು ಯಾರ ಹೆಸರಿಗಿದೆಯೆಂದು ತೋರಿಸುವ ನಕ್ಷೆ ಸಿಗುತ್ತದೆ. ಹತ್ತಿರದ ಮನೆಗೆ ಹೋಗಿ ಕೇಳಿದರೆ ಬೇಡ ಅಂದವರು ಕಡಿಮೆ. ಎಷ್ಟೋ ಸಲ ಅವರೇ ಜೊತೆಗೆ ಬಂದು ಇಲ್ಲಿ ಅಂಚೆಮನೆ, ಇಲ್ಲಿ ಚೀನೀಯರ ಹೋಟೆಲು, ಇಲ್ಲಿ ನಮ್ಮಮ್ಮ ಶಾಲೆ ಕಲಿಸುತ್ತಿದ್ದಳು ಎಂದು ಬಯಲನ್ನು ತೋರಿಸುತ್ತಾರೆ. ಕೇಳದೆ ನುಗ್ಗುವವರಿಗೆ ಈ ಊರು ಎಂದೂ ಕಾಣುವುದಿಲ್ಲ.

ಒಂದು ಕಡೆ ನಾನು ಕ್ಯಾಮೆರಾ ತೆಗೆಯುವುದೇ ಇಲ್ಲ. ಲೆಸ್ಟಾಕ್ ಬಳಿ ಮಸ್ಕೋವೆಕ್ವಾನ್ ಎಂಬ ಹಳೆಯ ವಸತಿಶಾಲೆಯ ಇಟ್ಟಿಗೆ ಕಟ್ಟಡವಿದೆ. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬಿಡಿಸಿ ತಂದಿಟ್ಟ ಶಾಲೆ ಅದು, 1997ರವರೆಗೂ ನಡೆಯಿತು. ಆವರಣದಲ್ಲಿ ಗುರುತಿಲ್ಲದ ಸಮಾಧಿಗಳು ಸಿಕ್ಕಿವೆ. ಕಟ್ಟಡ ಉಳಿಯಬೇಕೆಂದು ಅಲ್ಲಿಯ ಜನರೇ ನಿಂತರು, 2021ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಪಾಳುಬಿದ್ದ ಕಟ್ಟಡದ ಸೊಬಗು ಅಂತ ಅದರ ಫೋಟೋ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಬಯಲು ಬರಿದಾದದ್ದು ಗೋಧಿಯ ರೈತರು ಹೋದಾಗ ಅಲ್ಲ. 1874ರಲ್ಲಿ ಸರ್ಕಾರದೊಂದಿಗೆ ನಾಲ್ಕನೇ ಒಪ್ಪಂದವಾಗಿ ಈ ನೆಲದ ಮಂದಿ ಸಣ್ಣ ಸಣ್ಣ ಮೀಸಲು ತುಂಡುಗಳಿಗೆ ಸರಿದಾಗಲೇ ಎಷ್ಟೋ ಬೀಡುಗಳ ಬೆಂಕಿ ಆರಿತ್ತು. ಅವಕ್ಕೆ ಯಾವ ದಫ್ತರದಲ್ಲೂ ಬೇಚರಾಕ್ ಎಂಬ ನಮೂದೂ ಇಲ್ಲ.

ಸಮಾಧಿಸ್ಥಳ ಇದ್ದರೆ ಮೊದಲು ಅಲ್ಲಿಗೆ ಹೋಗುತ್ತೇನೆ. ಊರು ಹೋದರೂ ಅಲ್ಲಿಯ ಹುಲ್ಲನ್ನು ಯಾರೋ ಕತ್ತರಿಸಿರುತ್ತಾರೆ. ಇಟುನಾ ಕಡೆ ಯುಕ್ರೇನಿನಿಂದ ಬಂದವರ ಗೋಪುರದ ಚರ್ಚುಗಳಿವೆ, ಸುತ್ತ ಒಂದು ಮನೆಯೂ ಇಲ್ಲ. ಅಂಥದೊಂದರ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಬೇರೆ ಬೇರೆ ಊರು ಸೇರಿದ ಮೊಮ್ಮಕ್ಕಳೆಲ್ಲ ಆ ದಿನ ಬರುತ್ತಾರೆ. ಅಪ್ಪನ ಹಾಳೂರಿನ ಹನುಮಪ್ಪನಿಗೂ ವರ್ಷಕ್ಕೊಮ್ಮೆ ಜಾತ್ರೆ ಇತ್ತು.

ಅವ್ವ ಬಂದ ಬೇಸಿಗೆಯ ಕೊನೆಯ ಸುತ್ತಾಟ ಟೇಟ್‌ಗೆ. ಲೆವೆಲ್ ಕ್ರಾಸಿಂಗ್‌ನಿಂದ ದೂರಕ್ಕೆ ಗಾಡಿ ನಿಲ್ಲಿಸಿ ಚಹಾ ಬಗ್ಗಿಸುತ್ತಿದ್ದಾಗ ಪೂರ್ವದಿಂದ ಗೂಡ್ಸ್ ಗಾಡಿ ಬಂತು. ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಸೀಟಿ. ಕ್ರಾಸಿಂಗ್ ಬಂದಾಗ ಹೊಡೆಯಲೇಬೇಕಾದ ಲೆಕ್ಕ ಅದು. ಅವ್ವ ಡಬ್ಬಿ ಎಣಿಸತೊಡಗಿದಳು. ನೂರಾ ನಲವತ್ತಕ್ಕೆ ಲೆಕ್ಕ ತಪ್ಪಿತು, ಕೊನೆಯ ಡಬ್ಬಿ ಹೋದ ಮೇಲೂ ಬಹಳ ಹೊತ್ತು ಹಳಿ ನೋಡುತ್ತ ನಿಂತಿದ್ದಳು.

‘ಯಾರೂ ಇಲ್ಲಂತ ಗೊತ್ತಿದ್ದೂ ಕೂಗಿ ಹೋಗತೈತಲ್ಲೋ’ ಅಂದಳು.

ಚಹಾ ಆರಿತ್ತು. ಮತ್ತೊಂದು ಲೋಟ ಬಗ್ಗಿಸಿ ಕೊಟ್ಟೆ.